‘ಚಲೋ ಅದರಿ’ ಅಂದ್ರ ಲೆಕ್ಕಕ್ಕ ಹಿಡೀಬ್ಯಾಡ್ರಿ: ಅಂಜಿಕಿಯ ಧ್ವನಿನಾಟಕಕ್ಕೆ ಕೇಳುಗರ ಅಭಿಪ್ರಾಯ ತೆಗೆದ ಅನುಭವ

ನಾವು ಮಾಡಿದ, ಫೋನಿನಲ್ಲಿ ಕೇಳುವ ಈ ನಾಟಕ ಎಂಟು ಕಂತಿನದು, ಒಂದೊಂದು 11ರಿಂದ 13 ನಿಮಿಷ. ಬೀದರಿನ ನೌಬಾದ್ ಸುರಂಗ ಬಾವಿಯಂಥದ್ದೇ, ನೆಲದೊಳಗಿನ ಒಂದು ಹಳೆಯ ನೀರಿನ ದಾರಿ. ಅದರ ಗಾಳಿಬಾಯಿಗಳನ್ನು (ಗಾಳಿಗೆಂದು ಮೇಲಿಂದ ತೋಡಿದ ಬಾವಿಗಳನ್ನು) ಎಣಿಸಲು ಬಂದ ಸರ್ವೇಯರ್ ಕಾಣೆಯಾಗಿದ್ದಾನೆ, ಎಣಿಕೆ ಮಾತ್ರ ರಾತ್ರಿಗೊಂದು ಹೆಚ್ಚುತ್ತಿದೆ. ನಾಟಕ ಮಾಡಿದ ಬಗೆ ಇಲ್ಲಿ ಬರೆಯೋದಿಲ್ಲ. ರೆಕಾರ್ಡರ್, ದನಿ ಕತ್ತರಿಸಿ ಜೋಡಿಸುವ ಆಡಾಸಿಟಿ, ರೀಪರ್ ತಂತ್ರಾಂಶ ಕೈಗೆ ಹತ್ತಿದವರಿಗೆ ಅದರಲ್ಲಿ ಹೊಸದೇನಿಲ್ಲ. ಕೇಳಿದವರ ಬಾಯಿಂದ ಖರೇ ಮಾತು ಹೊರಡಿಸೋದೇ ಕಷ್ಟದ ಕೆಲಸ. ‘ಫಾರ್ಮ್ ಹಂಚ್ರಿ, ಮುಗೀತು’ ಅಂದವರು ಬಹಳ ಮಂದಿ. ‘ನಮ್ಮ ಕಡಿ ಮಂದಿ ಫೋನಿನ್ಯಾಗ ನಾಟಕ ಎಲ್ಲಿ ಕೇಳ್ತಾರ’ ಅಂದವರು ಇನ್ನೂ ಹೆಚ್ಚು. ಎರಡೂ ತಪ್ಪು.

ಮೊದಲು ಹಾಳಾದ ದುಡ್ಡಿನ ಲೆಕ್ಕ. 200 ಫಾರ್ಮ್ ಜೆರಾಕ್ಸ್, ಸುಮಾರು 400 ರೂಪಾಯಿ. ಒಂದರಿಂದ ಐದರವರೆಗೆ ಅಂಕ ಕೊಡುವ ಫಾರ್ಮ್. ತಿರುಗಿ ಬಂದದ್ದು ನಲವತ್ತರ ಹತ್ತಿರ, ಎರಡು ಬಿಟ್ಟು ಎಲ್ಲದರಲ್ಲೂ ನಾಲ್ಕು ಇಲ್ಲವೇ ಐದು. ಆ ಎರಡರಲ್ಲಿ ಒಂದು ತಿರುಗಾಮುರುಗಾ ತುಂಬಿದ್ದು. ಮನೆ ಬಾಗಿಲಿಗೆ ಬಂದವನಿಗೆ ಯಾರೂ ಎರಡು ಅಂಕ ಕೊಡೋದಿಲ್ಲ, ಅದು ಇಲ್ಲಿಯ ಮರ್ಯಾದೆ. ಆಮೇಲೆ ಒಂದು ಸಣ್ಣ ಹಾಲ್ ಹಿಡಿದು, ಸ್ಪೀಕರ್ ಬಾಡಿಗೆ ತಂದು ಮೂವತ್ತು ಮಂದಿಯನ್ನು ಕೂಡಿಸಿ ಕೇಳಿಸಿದ್ದು, 3,500. ಅಂಜಿಕಿಯ ನಾಟಕವನ್ನು ಮಂದಿಯ ನಡುವೆ ಕೂತು ಕೇಳಿದರೆ ಅದು ನಗೆನಾಟಕ ಆಗುತ್ತದೆ. ಒಬ್ಬ ನಕ್ಕರೆ ಸಾಕು, ಉಳಿದವರಿಗೆ ಅಂಜಲು ನಾಚಿಕೆ. ಸಾಲದ್ದಕ್ಕೆ ಆ ಹಾಲ್‌ನ ನೆಲವೆಲ್ಲ ಶಹಾಬಾದ್ ಕಲ್ಲು, ಗೋಡೆ ಬರೇ ಸಿಮೆಂಟು. ದನಿ ಮೂರು ಸಲ ತಿರುಗಿ ಬಂದು ಪಿಸುಮಾತೆಲ್ಲ ಕಲಸಿಹೋಯಿತು.

ವಾಟ್ಸಾಪ್ ಗ್ರೂಪ್ ಪುಕ್ಕಟೆ ಇತ್ತು, ಆದರೆ ಕೆಟ್ಟದ್ದು ಅದೇ ಹೆಚ್ಚು. ಮೊದಲು ಬರೆದವರು ‘ಮ್ಯೂಸಿಕ್ ಭಾಳ ಚಲೋ’ ಅಂದರೆ ಕೆಳಗಿನ ಇಪ್ಪತ್ತು ಮಂದಿ ಅದೇ ರಾಗ. ಇದನ್ನು ಪರೀಕ್ಷೆ ಮಾಡಿಯೇ ನೋಡಿದೆ. ಎರಡನೇ ಕಂತಿನ ಸಂಗೀತ ಪೂರಾ ತೆಗೆದು ಹೊಸ ಹನ್ನೆರಡು ಮಂದಿಗೆ ಕಳಿಸಿದೆ. ಅವರಲ್ಲಿ ಐದು ಮಂದಿ ಸಂಗೀತವನ್ನು ಹೊಗಳಿದರು! ಇಲ್ಲದ ಸಂಗೀತಕ್ಕೆ ಹೊಗಳಿಕೆ ಬಂದ ಮೇಲೆ ‘ಹೆಂಗಿತ್ತು’ ಅನ್ನುವ ಪ್ರಶ್ನೆಯನ್ನೇ ಬಿಟ್ಟೆ. ‘ಅಂಜಿಕಿ ಬಂತೇನ್ರಿ’ ಅನ್ನೋದನ್ನೂ ಬಿಟ್ಟೆ. ಗಂಡಸರ ಉತ್ತರ ಒಂದೇ: ‘ಅಂಜಿಕಿ ಪಂಜಿಕಿ ಏನಿಲ್ಲ ಬಿಡ್ರಿ’. ‘ಲೈಟ್ ಹಚ್ಚಿ ಕೇಳಿದ್ರ್ಯೋ, ಆರಿಸಿ ಕೇಳಿದ್ರ್ಯೋ, ನಡುವ ಹಚ್ಚಿದ್ರ್ಯಾ’ ಅಂತ ಕೇಳಿದರೆ ಮಾತ್ರ ಖರೇ ಹೊರಡುತ್ತದೆ.

ಕೊನೆಗೆ ಕೈ ಹಿಡಿದದ್ದು ಕಥೆ ತಿರುಗಿ ಹೇಳಿಸೋದು. ಅಭಿಪ್ರಾಯ ಕೇಳಬಾರದು, ಕಥೆ ಹೇಳಿಸಬೇಕು. ಅದೂ ನಮಗಲ್ಲ, ಅದನ್ನು ಕೇಳದ ಇನ್ನೊಬ್ಬರಿಗೆ. ‘ನನಗ ಕಥಿ ಗೊತ್ತಿಲ್ಲ ಅಂತ ತಿಳ್ಕೊಂಡು ಹೇಳ್ರಿ’ ಅಂದರೆ ಆಗೋದಿಲ್ಲ. ನಾಟಕ ಮಾಡಿದವನೇ ಎದುರು ಕೂತಾನಂತ ಅವರಿಗೆ ಗೊತ್ತು, ಎರಡು ಮಾತಿನಲ್ಲಿ ಮುಗಿಸುತ್ತಾರೆ. ಅದೇ ನೆಗೆಣ್ಣಿಗೋ, ರೂಮಿನ ಗೆಳೆಯನಿಗೋ, ನೈಟ್ ಡ್ಯೂಟಿಯ ಜೊತೆಗಾರನಿಗೋ ಹೇಳುವಾಗ ಕೈ ಬೀಸಿ, ದನಿ ಬದಲಿಸಿ ಹೇಳುತ್ತಾರೆ. ಅದನ್ನು ಅವರದೇ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸುತ್ತಾರೆ. ಇಬ್ಬರ ಒಪ್ಪಿಗೆಯನ್ನೂ ಮೊದಲೇ ಕೇಳಬೇಕು. ಮುಂದೆ ಹೇಳುವ ಹಾಳೆಯಲ್ಲಿ ಗುರುತು ಹಾಕಿಕೊಂಡ ಮೇಲೆ ಆ ರೆಕಾರ್ಡಿಂಗ್ ಅಳಿಸಿಬಿಡೋದು, ಇಟ್ಟುಕೊಳ್ಳೋದಿಲ್ಲ.

ನಡೆಸುವ ಕ್ರಮ ಹೀಗೆ. ಕಂತನ್ನು ಮೊನೊ (ಎರಡೂ ಕಿವಿಗೆ ಒಂದೇ ದನಿ), 64 ಕೆಬಿಪಿಎಸ್ (ಸೆಕೆಂಡಿಗೆ 64 ಕಿಲೋಬಿಟ್) ಎಂಪಿ3 ಮಾಡಿದರೆ 12 ನಿಮಿಷಕ್ಕೆ 6 ಎಂಬಿಯೊಳಗೆ ಕೂಡುತ್ತದೆ. ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಬೇಕು. ವಾಯ್ಸ್ ನೋಟ್ ದಾರಿಯಲ್ಲಿ ಹೋದರೆ ಅದು ಮತ್ತೆ ಹಿಂಡಿ, ಉಸಿರಿನ ದನಿಯನ್ನೆಲ್ಲ ನುಂಗುತ್ತದೆ. ರಾತ್ರಿ ಒಂಬತ್ತರ ಮೇಲೆ, ಒಬ್ಬರೇ, ತಮ್ಮದೇ ಫೋನಿನಲ್ಲಿ, ತಾವು ದಿನಾ ಮಲಗುವ ಜಾಗದಲ್ಲಿ ಕೇಳಲಿ. ಮರುದಿನ ಮಧ್ಯಾಹ್ನದೊಳಗೆ ಕಥೆ ಹೇಳಿಸಲಿ. ಎರಡು ದಿನ ಬಿಟ್ಟರೆ ತಮ್ಮ ಊರಿನ ದೆವ್ವದ ಕಥೆಯನ್ನೂ ಸೇರಿಸಿಬಿಡುತ್ತಾರೆ. ಆಮೇಲೆ ನಮ್ಮ ಫೋನು, ಏಳು ನಿಮಿಷ ಮೀರಬಾರದು. ಪ್ರಶ್ನೆ ಮೂರೇ: ಯಾರ ಮ್ಯಾಲ ಡೌಟ್ ಅದ? ಎಲ್ಲಿ ನಿಲ್ಲಿಸಿದ್ರಿ, ಎಲ್ಲಿ ಹಿಂದ ಸರಿಸಿದ್ರಿ? ಯಾರ ದನಿ ಯಾರದಂತ ಗೊತ್ತಾಗಲಿಲ್ಲ?  

ರೀಚಾರ್ಜಿಗೆ ತಲೆಗೆ ನೂರು ರೂಪಾಯಿ. ಅದನ್ನು ಕೇಳುವ ಮೊದಲೇ ಕೊಡಬೇಕು, ಆಮೇಲೆ ಕೊಟ್ಟರೆ ಹೊಗಳಿಕೆ ಕೊಂಡ ಹಾಗೆ. ಮೊದಲ ಸುತ್ತಿನಲ್ಲಿ ಇದನ್ನು ಉಲ್ಟಾ ಮಾಡಿ ಹತ್ತು ಹನ್ನೆರಡು ಮಂದಿಯ ಮಾತು ಕೆಟ್ಟಿತು.

ಇನ್ನು ಗುರುತಿನ ಹಾಳೆ. ಪ್ರತಿ ಕಂತಿನ ಸ್ಕ್ರಿಪ್ಟನ್ನು 25ರಿಂದ 30 ಗಂಟುಗಳಾಗಿ ಒಡೆಯಬೇಕು. ‘ಮಾಸ್ತರ ಕೈಗೆ ಕೀಲಿ ಬರುತ್ತದೆ’, ಇದು ಒಂದು ಗಂಟು. ‘ನಾಯಿ ಬೊಗಳೋದು ನಿಲ್ಲುತ್ತದೆ’, ಇನ್ನೊಂದು. ತಿರುಗಿ ಹೇಳಿದ ಕಥೆ ಕೇಳುತ್ತ ಪ್ರತಿ ಗಂಟಿಗೆ ನಾಲ್ಕರಲ್ಲಿ ಒಂದು ಗುರುತು: ಹೇಳಿದರು, ಬಿಟ್ಟರು, ತಿರುಚಿದರು, ಇಲ್ಲದ್ದನ್ನು ಸೇರಿಸಿದರು. ಒಬ್ಬರ ಕಥೆಗೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಹನ್ನೆರಡು ಮಂದಿ ಆದರೆ ಸಾಕು, ಹದಿಮೂರನೆಯವರಿಂದ ಹೊಸದೇನೂ ಬರೋದಿಲ್ಲ.

ಬಿಟ್ಟದ್ದಕ್ಕಿಂತ ಸೇರಿಸಿದ್ದರ ಬೆಲೆ ಹೆಚ್ಚು. ಒಂದನೇ ಕಂತಿನಲ್ಲಿ ನಾಲ್ಕೈದು ಮಂದಿ ‘ಮಾಳಗಿ ಮ್ಯಾಲ ಯಾರೋ ಅಡ್ಡಾಡ್ಲತ್ತಿದ್ರು’ ಅಂತ ಹೇಳಿದರು. ಸ್ಕ್ರಿಪ್ಟಿನಲ್ಲಿ ಮಾಳಗಿಯೇ, ಅಂದರೆ ಮನೆಯ ಮೇಲ್ಛಾವಣಿಯೇ, ಇಲ್ಲ. ಹುಡುಕಿದಾಗ ಸಿಕ್ಕಿದ್ದು ರೆಕಾರ್ಡಿಂಗ್ ಹೊತ್ತಿನ ಫ್ಯಾನಿನ ಟಕ್ ಟಕ್. ತೆಗೆದುಹಾಕುವ ಬದಲು ಅದನ್ನೇ ಇಟ್ಟು, ನಾಲ್ಕನೇ ಕಂತಿನಲ್ಲಿ ಮಾಳಗಿಗೆ ಒಂದು ಏಣಿ ಹಚ್ಚಿದೆವು. ಈಗ ಎಲ್ಲರಿಗೂ ಆ ಏಣಿಯೇ ನೆನಪು.

ಬಿಟ್ಟದ್ದನ್ನು ಓದುವ ಲೆಕ್ಕವೂ ಬೇರೆ. ಹನ್ನೆರಡರಲ್ಲಿ ಒಂಬತ್ತು ಮಂದಿ ಬಿಟ್ಟ ಗಂಟು ರಹಸ್ಯಕ್ಕೆ ಬೇಕಾಗಿದ್ದರೆ ಅದನ್ನು ಎರಡು ನಿಮಿಷದ ನಂತರ ಬೇರೆಯವರ ಬಾಯಲ್ಲಿ, ಬೇರೆ ಮಾತಿನಲ್ಲಿ ಇನ್ನೊಮ್ಮೆ ಇಡಬೇಕು. ಬೇಕಾಗಿರದಿದ್ದರೆ ಕತ್ತರಿ. ಎಲ್ಲರೂ ಹೇಳಿದ ಸುಳಿವೂ ಅಪಾಯವೇ, ಅದು ತೀರ ಎದ್ದು ಕಾಣುತ್ತದೆ ಅಂತ ಅರ್ಥ. ಅರ್ಧ ಮಂದಿ ಹೇಳಿ ಅರ್ಧ ಮಂದಿ ಬಿಟ್ಟ ಸುಳಿವೇ ಸರಿಯಾದ ಸುಳಿವು. ಕೊನೆಯ ಕಂತಿನಲ್ಲಿ ಬಿಟ್ಟವರು ‘ಹೌದಲ್ಲ!’ ಅನ್ನಬೇಕು, ಹೇಳಿದವರು ‘ನಾ ಮೊದಲೇ ಅಂದಿದ್ದೆ’ ಅನ್ನಬೇಕು.

ಡೌಟಿನ ಪ್ರಶ್ನೆಯಿಂದ ನಮ್ಮ ಭಾಷೆಯ ತಪ್ಪು ಹೊರಬಿತ್ತು. ಅಧಿಕಾರಿಯ ಪಾತ್ರಕ್ಕೆ ಮೈಸೂರು ಕಡೆಯ ಶುದ್ಧ ಕನ್ನಡ ಕೊಟ್ಟಿದ್ದೆವು, ಉಳಿದವರೆಲ್ಲ ‘ಹೋಗ್ಲತ್ತೀನಿ, ಮಾಡ್ಲತ್ತೀನಿ’. ಆಳಂದದಿಂದ ಸುರಪುರದವರೆಗೆ ಎಲ್ಲರ ಡೌಟೂ ಆ ಅಧಿಕಾರಿಯ ಮೇಲೆಯೇ! ಕಾರಣ ಕೇಳಿದರೆ ‘ಪುಸ್ತಕದಂಗ ಮಾತಾಡ್ತಾನ್ರಿ, ಒಳಗ ಏನೋ ಅದ’. ಅವನು ಪಾಪ ನಿರಪರಾಧಿ. ಮಾತನ್ನು ಬದಲಿಸಲಿಲ್ಲ, ಡೌಟು ಅವನ ಮೇಲೆಯೇ ಇರಲಿ ಅಂತ ಬಿಟ್ಟೆವು. ಖರೇ ಅಪರಾಧಿಗೆ ಎಲ್ಲರಿಗಿಂತ ಮೆತ್ತಗಿನ ಕಲಬುರಗಿ ಮಾತು ಕೊಟ್ಟೆವು.

ಹೆಸರಿನದೂ ಹಾಗೇ. ಶರಣಪ್ಪ, ಶರಣಬಸಪ್ಪ, ಶಿವಶರಣಪ್ಪ ಅಂತ ಮೂವರನ್ನು ಇಟ್ಟಿದ್ದೆವು. ಊರಿನಲ್ಲಿ ಹೀಗೆ ಇರೋದು ಸಹಜ, ಕಿವಿಗೆ ಮಾತ್ರ ಮೂವರೂ ಒಬ್ಬರೇ. ಈಗ ಪ್ರತಿ ಪಾತ್ರದ ಮೊದಲ ಅಕ್ಷರ ಬೇರೆ, ಕರೆಯುವ ರೀತಿಯೂ ಬೇರೆ: ಒಬ್ಬರು ಮಾಸ್ತರ್, ಒಬ್ಬರು ಕಾಕಾ, ಒಬ್ಬರು ಸಾಹೇಬ್ರು. ಒಂದು ದೃಶ್ಯದಲ್ಲಿ ಮೂರಕ್ಕಿಂತ ಹೆಚ್ಚು ದನಿ ಇದ್ದರೆ ಕಥೆ ಹೇಳುವಾಗ ‘ಅವರೆಲ್ಲಾ ಏನೇನೋ ಮಾತಾಡಿದ್ರು’ ಅಂತ ಒಂದೇ ಮಾತಿಗೆ ಇಳಿಯುತ್ತದೆ.

‘ಎಲ್ಲಿ ನಿಲ್ಲಿಸಿದ್ರಿ’ ಅನ್ನೋದರಿಂದ ದನಿಯ ದೋಷಗಳೆಲ್ಲ ಒಂದೊಂದಾಗಿ ಸಿಕ್ಕವು. ಅತಿ ಹೆಚ್ಚು ಮಂದಿ ನಿಲ್ಲಿಸಿದ್ದು ನಮಗೆ ಅತಿ ಹೆಮ್ಮೆಯಿದ್ದ ಜಾಗದಲ್ಲಿ, ನಾಲ್ಕು ಸೆಕೆಂಡಿನ ಮೌನ. ಅಂಜಿಕಿಗಲ್ಲ. ಫೋನ್ ಬಂತೋ, ಫೈಲ್ ನಿಂತಿತೋ ಅಂತ ಪರದೆ ಒತ್ತಿ ನೋಡಿದ್ದು. ಪೂರ್ತಿ ಸೊನ್ನೆಯ ಮೌನ ಫೋನಿನಲ್ಲಿ ಮೌನವಲ್ಲ, ಕೆಟ್ಟುಹೋದದ್ದು. ಈಗ ಎರಡೂವರೆ ಸೆಕೆಂಡಿಗಿಂತ ಹೆಚ್ಚಿಲ್ಲ, ಅದರ ಕೆಳಗೂ ಖಾಲಿ ಕೋಣೆಯ ದನಿ ಮೈನಸ್ 50 ಡೆಸಿಬೆಲ್ (ಫೈಲಿಗೆ ಹಿಡಿಸುವ ಅತಿ ಜೋರು ಮಟ್ಟವನ್ನು ಸೊನ್ನೆ ಅಂತ ಹಿಡಿದು) ಹತ್ತಿರ ಹರಿಯುತ್ತಿರಬೇಕು.

ಎರಡನೆಯದು ಕೆಳದನಿಯ (ಬೇಸ್) ಗುಡುಗು. ಸುರಂಗದೊಳಗಿಂದ 40–60 ಹರ್ಟ್ಸಿನ ಗುಂಯ್ ಅನ್ನುವ ದನಿಗೆ ಮೂರು ರಾತ್ರಿ ಕೂತಿದ್ದೆವು. ಒಬ್ಬರೂ ಅದನ್ನು ಹೇಳಲಿಲ್ಲ. ಕೇಳಿರಲೇ ಇಲ್ಲ. ಹತ್ತರಲ್ಲಿ ಏಳೆಂಟು ಮಂದಿ ಇಯರ್‌ಫೋನ್ ಇಲ್ಲದೆ ಫೋನನ್ನು ದಿಂಬಿನ ಪಕ್ಕ ಇಟ್ಟು ಕೇಳುತ್ತಾರೆ, ಆ ಪುಟ್ಟ ಸ್ಪೀಕರಿನಿಂದ 200–300 ಹರ್ಟ್ಸಿನ ಕೆಳಗೆ ಏನೂ ಸರಿಯಾಗಿ ಹೊರಡೋದಿಲ್ಲ. ಇಯರ್‌ಫೋನೇ ಹಂಚೋಣ ಅಂತ 110 ರೂಪಾಯಿಯವು ಎರಡು ಡಜನ್ ತಂದೆ, 2,600 ಹೋಯಿತು. ಆರೇಳು ಒಂದೇ ಕಿವಿಯವು, ಉಳಿದವು ಮನೆಯ ಮಕ್ಕಳ ಪಾಲು. ಎಡ-ಬಲ ಕಿವಿಯ ಆಟವನ್ನೆಲ್ಲ ಅಲ್ಲಿಗೆ ಕೈಬಿಟ್ಟು ಮೊನೊಕ್ಕೆ ಇಳಿದದ್ದು.

ಪರಿಹಾರ ಎರಡು. ಕೆಳದನಿ ಬೇಕೇ ಬೇಕಾದರೆ ಅದರ ಗುಣಿತಗಳನ್ನು ಎತ್ತಬೇಕು. 80 ಹರ್ಟ್ಸಿನದಾದರೆ 240, 320, 400 ಇಷ್ಟು ಕೇಳಿಸಿದರೆ ಕಿವಿ ತಾನೇ ಕೆಳಗಿನದನ್ನು ತುಂಬಿಕೊಳ್ಳುತ್ತದೆ. ಇನ್ನೂ ಸುಲಭದ್ದು, 300ರಿಂದ 3,000 ಹರ್ಟ್ಸಿನ ನಡುವೆ ಅಂಜಿಸುವ ದನಿಯನ್ನೇ ಹುಡುಕೋದು. ಶಹಾಬಾದ್ ಕಲ್ಲಿನ ಎರಡು ತುಂಡು, ಗೇಣಿನಷ್ಟು ಅಗಲ, ನಡುವೆ ಒಂದು ಚಿಟಿಕೆ ಉಸುಕು. ಮೈಕು ಒಂದು ಗೇಣು ದೂರ, ಮೈಕಿನ ಬಾಯಿ ನೇರಕ್ಕಲ್ಲ, ಓರೆಗೆ. ನಿಧಾನ ಎಳೆದರೆ ಗಾಳಿಬಾಯಿಯ ಮುಚ್ಚಳ ಸರಿದ ದನಿ. ಉಸುಕು ಹೆಚ್ಚಾದರೆ ಜೋಳ ಬೀಸಿದ ಹಾಗೆ ಆಗುತ್ತದೆ, ನಗುತ್ತಾರೆ. ಆರನೇ ಕಂತಿನ ಉಸಿರು ಯಾವುದರದು ಅಂತ ಬಹಳ ಮಂದಿ ಕೇಳಿದ್ದಾರೆ. ಅದು ಮನುಷ್ಯನದಲ್ಲ, ಅಡುಗೆಮನೆಯದು. ಅದಕ್ಕಿಂತ ಮುಂದೆ ಹೇಳೋದಿಲ್ಲ.

ಮೂರನೆಯದು ಎಲ್ಲರೂ ಮಾಡುವ ತಪ್ಪು: ಒಮ್ಮೆಲೇ ಕಿರುಚಿಸೋದು. ಮಾತಿಗಿಂತ 12 ಡೆಸಿಬೆಲ್ ಮೇಲಕ್ಕೆ ಹಾರಿಸಿದೆವು. ಕೇಳುಗರು ಅಂಜಿದ್ದು ಖರೇ, ತಕ್ಷಣ ದನಿ ಇಳಿಸಿದ್ದೂ ಖರೇ, ಮತ್ತೆ ಏರಿಸಲಿಲ್ಲ. ಮುಂದಿನ ಅರ್ಧ ನಿಮಿಷದಲ್ಲಿ ಸಾಯುವವನು ಪಿಸುಗುಟ್ಟಿದ ಹೆಸರು ಹನ್ನೆರಡರಲ್ಲಿ ಹತ್ತು ಮಂದಿಗೆ ತಪ್ಪಿತು. ರಹಸ್ಯ ಅಲ್ಲಿಗೇ ಸತ್ತಿತು! ಈಗ ಹಾರಿಕೆ 6–7 ಡೆಸಿಬೆಲ್ ಒಳಗೆ, ಅದಾದ 40 ಸೆಕೆಂಡು ಯಾವ ಸುಳಿವೂ ಇಲ್ಲ. ಒಟ್ಟು ಮಟ್ಟ ಮೊನೊಕ್ಕೆ ಮೈನಸ್ 19 ಎಲ್‌ಯುಎಫ್‌ಎಸ್ (ಕಿವಿಗೆ ಎಷ್ಟು ಜೋರು ಅನಿಸುತ್ತದೆ ಅನ್ನುವ ಅಳತೆ), ಅತಿ ಜೋರಿನ ತುದಿ ಮೈನಸ್ 1 ಡೆಸಿಬೆಲ್. ಪಿಸುಮಾತನ್ನು ನಿಜಕ್ಕೂ ಮೆಲ್ಲಗೆ ಇಡಬೇಡಿ. ಬಾಯಿ ಮೈಕಿಗೆ ಹತ್ತಿರ ತಂದು ಮಾತಿನಷ್ಟೇ ಮಟ್ಟಕ್ಕೆ ಎತ್ತಿ. ಉಸಿರು ಹೆಚ್ಚಿದ್ದರೆ ಸಾಕು, ಕಿವಿ ಅದನ್ನು ಪಿಸುಮಾತೆಂದೇ ಹಿಡಿಯುತ್ತದೆ.

ಏಪ್ರಿಲ್–ಮೇ ತಿಂಗಳಲ್ಲಿ ಇನ್ನೊಂದು ಶತ್ರು, ಕೂಲರ್. ಇಲ್ಲಿಯ ಬಿಸಿಲಿಗೆ ಕೂಲರ್ ಆರಿಸಿ ನಾಟಕ ಕೇಳ್ರಿ ಅನ್ನುವ ಧೈರ್ಯ ಯಾರಿಗಿದೆ. ಅದಕ್ಕೆ ಕೊನೆಯ ಪರೀಕ್ಷೆ ಸ್ಟುಡಿಯೋ ಹೆಡ್‌ಫೋನಿನಲ್ಲಲ್ಲ. ಕೂಲರ್ ಎರಡನೇ ಸ್ಪೀಡಿಗೆ, ಫೋನ್ ಅರ್ಧ ದನಿಗೆ, ಮೂರು ಮೊಳ ದೂರ. ಅಲ್ಲಿ ತಿಳಿಯದ ಮಾತು ಇದ್ದರೆ ಮತ್ತೆ ರೆಕಾರ್ಡ್. ಮಾಳಗಿ ಮೇಲೆ ಮಲಗಿ ಕೇಳಿದವರದ್ದು ಬೇರೆಯೇ ಮಜಾ: ನಾಟಕದ ನಾಯಿಗೆ ಓಣಿಯ ನಾಯಿ ಉತ್ತರ ಕೊಡುತ್ತದೆ. ಅವರ ಕಥೆಯಲ್ಲಿ ನಾಯಿಗಳ ಸಂಖ್ಯೆ ಯಾವಾಗಲೂ ಹೆಚ್ಚು. ಅವರ ಹಾಳೆಯಲ್ಲಿ ನಾಯಿಯ ಗಂಟನ್ನು ಲೆಕ್ಕಕ್ಕೆ ಹಿಡಿಯೋದಿಲ್ಲ.

ನಡುವೆ ಒಂದು ಸಣ್ಣ ಪ್ರಯೋಗ. ಹಾಸ್ಟೆಲಿನ ಹುಡುಗರು 1.5 ವೇಗದಲ್ಲಿ ಕೇಳುತ್ತಾರೆ ಅಂತ ಗೊತ್ತಾಗಿ, ಅದೇ ವೇಗದಲ್ಲಿ ಆರು ಮಂದಿಗೆ ಕೇಳಿಸಿ ಕಥೆ ಹೇಳಿಸಿದೆ. ಗಂಟುಗಳೇನೂ ತಪ್ಪಲಿಲ್ಲ, ಆದರೆ ನಿಧಾನ ಹೆಜ್ಜೆಯನ್ನೆಲ್ಲ ‘ಓಡ್ಲತ್ತಿದ್ದ’ ಅಂತ ಹೇಳಿದರು. ಈಗ ಮುಖ್ಯ ಹೆಜ್ಜೆಗಳ ನಡುವೆ ಒಂದೂಕಾಲು ಸೆಕೆಂಡು ಬಿಟ್ಟಿದ್ದೇವೆ, ಓಡಿಸಿ ಕೇಳಿದರೂ ನಡಿಗೆಯೇ ಆಗಿ ಉಳಿಯುತ್ತದೆ. ಎಲ್ಲರಿಗಿಂತ ಚೊಕ್ಕ ಕಥೆ ಹೇಳಿದವರು ಕಲಬುರಗಿ ಆಕಾಶವಾಣಿಯ ನಾಟಕ ಕೇಳಿ ಬೆಳೆದ ಅರವತ್ತು ದಾಟಿದ ಅವ್ವಂದಿರು. ಅವರು 30 ಗಂಟಿಗೆ 26–27 ಹೇಳುತ್ತಾರೆ. ಅದಕ್ಕೇ ಅವರನ್ನು ಹನ್ನೆರಡರಲ್ಲಿ ಇಬ್ಬರಿಗಿಂತ ಹೆಚ್ಚು ಸೇರಿಸಬಾರದು, ನಮ್ಮ ತಪ್ಪನ್ನೆಲ್ಲ ಅವರೇ ಮನಸ್ಸಿನಲ್ಲಿ ತಿದ್ದಿಕೊಂಡುಬಿಡುತ್ತಾರೆ.

ಜಾಗದ ಹೆಸರಿನ ಮಾತೂ ಬಂತು. ಮೊದಲ ಸುತ್ತಿನಲ್ಲಿ ನೌಬಾದ್ ಅಂತಲೇ ಇತ್ತು. ಇಬ್ಬರು ಹುಡುಗರು ‘ರಾತ್ರಿ ಹೋಗಿ ಎಣಿಸಿ ಬರ್ತೀವಿ’ ಅಂದ ದಿನವೇ ಹೆಸರು ಬದಲಿಸಿದೆವು. ಬಹಮನಿ ಕಾಲದ ಆ ಗಾಳಿಬಾಯಿಗಳು ನೇರ ಕೆಳಗಿಳಿಯುವ ಬಾವಿಗಳೇ, ಕತ್ತಲಲ್ಲಿ ಕಾಲು ಜಾರಿದರೆ ಮುಗೀತು. ಊರು ಕಾಲ್ಪನಿಕವಾದ ಮೇಲೂ ಬೀದರಿನವರು ನೌಬಾದ್ ಅಂತಾರೆ, ಯಾದಗಿರಿಯವರು ತಮ್ಮ ಕೋಟೆಯ ಬಾವಿ ಅಂತಾರೆ.

ಫಲ ನೆನಪಿನಿಂದ ಹೇಳೋದಾದರೆ: ಮೊದಲ ಸುತ್ತಿನಲ್ಲಿ 34 ಮಂದಿಗೆ ಕೊಟ್ಟರೆ ಎಂಟನೇ ಕಂತು ಮುಟ್ಟಿದವರು ಒಂಬತ್ತೋ ಹತ್ತೋ. ತಿದ್ದಿದ ಮೇಲೆ ಹೊಸ 30 ಮಂದಿಯಲ್ಲಿ 21–22. ಫಾರ್ಮ್ ಹಂಚ್ರಿ ಅಂದವರೇ ಈಗ ಗಂಟಿನ ಹಾಳೆ ಕಳಿಸ್ರಿ ಅಂತಾರೆ. ರೀಚಾರ್ಜಿಗೆ 6,400, ತಿದ್ದುಪಡಿಗೆ ನಟರನ್ನು ಮತ್ತೆ ಕರೆಸಿದ್ದಕ್ಕೆ ನಾಲ್ಕು ಸಾವಿರ, ಹಾಳಾದದ್ದು ಆರೂವರೆ ಸಾವಿರ, ಒಟ್ಟು 17 ಸಾವಿರದ ಆಚೀಚೆ. ಮತ್ತೊಮ್ಮೆ ಮಾಡಿದರೆ ಎಂಟು ಸಾವಿರದೊಳಗೆ ಮುಗಿಯುತ್ತದೆ: ಮೊದಲು ಒಂದನೇ ಕಂತು ಮಾತ್ರ ಹನ್ನೆರಡು ಮಂದಿಗೆ, ಹಾಳೆ ತುಂಬಿದ ಮೇಲೆ ಎರಡನೆಯದರ ರೆಕಾರ್ಡಿಂಗ್. ಎಂಟೂ ಮುಗಿಸಿಕೊಂಡು ಕೇಳಲು ಹೋದದ್ದೇ ನಮ್ಮ ನಾಲ್ಕು ಸಾವಿರದ ಪೆಟ್ಟು.