ಮತದಾರರ ಲೆಕ್ಕ ಹಿಡಿದು ಆಸ್ಕರ್ ಊಹಿಸಿದ ಬಗೆ: ನನ್ನ ಅನುಭವ

ವರ್ಷಕ್ಕೊಂದು ಸಮಾರಂಭ, ವಿಭಾಗಕ್ಕೆ ಐದು ಹೆಸರು, ಅತ್ಯುತ್ತಮ ಚಿತ್ರಕ್ಕೆ ಮಾತ್ರ ಹತ್ತು. ಇಷ್ಟು ತೆಳ್ಳಗಿನ ದತ್ತಾಂಶದ ಮೇಲೆ ಮಾದರಿ ಕಟ್ಟಿದರೆ ನಿಲ್ಲುವುದಿಲ್ಲ, ಪತ್ರಿಕೆಯ ಪಂಡಿತರ ಪಟ್ಟಿಯನ್ನೇ ನಕಲು ಮಾಡಿದರೆ ಸಾಕು ಎಂದವರೇ ಹೆಚ್ಚು. 2025ರ ಮಾರ್ಚ್‌ನ 97ನೇ ಸಮಾರಂಭದಲ್ಲಿ 23 ವಿಭಾಗಗಳ ಪೈಕಿ ಇಪ್ಪತ್ತರ ಹತ್ತಿರ ಹೊಂದಿದ ಮೇಲೆ ಆ ಮಾತು ಕೇಳಿಬರುತ್ತಿಲ್ಲ. ಪಂಡಿತರ ಸರಾಸರಿ ಪಟ್ಟಿಗಿಂತ ಎರಡು ಮೂರು ಮುಂದೆ ಇದ್ದೆ. ಅದಕ್ಕಿಂತ ಹೆಚ್ಚಿನ ತೃಪ್ತಿ ಎಂದರೆ, 60 ಶೇಕಡಾ ಎಂದು ಬರೆದ ಊಹೆಗಳು ಹಲವು ವರ್ಷ ಸೇರಿಸಿ ನೋಡಿದಾಗ ನಿಜಕ್ಕೂ ಹತ್ತಕ್ಕೆ ಆರರಂತೆ ಗೆದ್ದಿವೆ. ಸ್ಪ್ರೆಡ್‌ಶೀಟ್, ಲಾಜಿಟ್, ಸಿಮ್ಯುಲೇಶನ್ ಇವೆಲ್ಲ ಗೊತ್ತಿದ್ದವರಿಗೆ ಬರೆಯುತ್ತಿದ್ದೇನೆ, ಹಾಗಾಗಿ ಅವುಗಳ ಉದ್ದ ವಿವರಣೆ ಇಲ್ಲ.

ಮೊದಲು ಕೈಬಿಡಬೇಕಾದದ್ದು ಅಂಕ ಕೂಡಿಸುವ ಪದ್ಧತಿ. ಆಸ್ಕರ್ ಮುಂಚಿನ ಪ್ರಶಸ್ತಿಗಳಾದ ಪಿಜಿಎಗೆ (ನಿರ್ಮಾಪಕರ ಗಿಲ್ಡ್, ಅಂದರೆ ಸಂಘ) ಇಷ್ಟು, ಡಿಜಿಎಗೆ (ನಿರ್ದೇಶಕರ ಗಿಲ್ಡ್) ಇಷ್ಟು, ಬಾಫ್ಟಾಗೆ (ಬ್ರಿಟಿಷ್ ಅಕಾಡೆಮಿ) ಇಷ್ಟು ಎಂದು ಅಂಕ ಕೊಟ್ಟು ಕೂಡಿದರೆ 2021ರ ಸಾಲಿನಲ್ಲಿ (ಸಾಲು ಎಂದರೆ ಚಿತ್ರದ ವರ್ಷ, ಸಮಾರಂಭದ ವರ್ಷವಲ್ಲ) 'ದ ಪವರ್ ಆಫ್ ದ ಡಾಗ್' ಎಲ್ಲರಿಗಿಂತ ಮುಂದೆ ನಿಲ್ಲುತ್ತದೆ: 12 ನಾಮನಿರ್ದೇಶನ, ಡಿಜಿಎ, ಬಾಫ್ಟಾ, ಕ್ರಿಟಿಕ್ಸ್ ಚಾಯ್ಸ್ ಎಲ್ಲ ಅದರ ಕಡೆ. ಕೊನೆಗೆ ಅದಕ್ಕೆ ಸಿಕ್ಕಿದ್ದು ನಿರ್ದೇಶನದ ಪ್ರಶಸ್ತಿ ಒಂದೇ. ಮೂರೇ ನಾಮನಿರ್ದೇಶನ ಪಡೆದ, ನಿರ್ದೇಶನ ಸಂಕಲನ ಎರಡರಲ್ಲೂ ಹೆಸರಿಲ್ಲದ 'ಕೋಡಾ' ಮೂರನ್ನೂ ಗೆದ್ದು ಅತ್ಯುತ್ತಮ ಚಿತ್ರವಾಯಿತು. 'ಕೋಡಾ' ಬೆನ್ನಿಗಿದ್ದ ದೊಡ್ಡ ಗೆಲುವುಗಳು ಪಿಜಿಎ ಮತ್ತು ಸ್ಯಾಗ್ (ನಟರ ಗಿಲ್ಡ್). ಅಂಕಗಳ ಮೊತ್ತ ಇಲ್ಲಿ ಮೋಸ ಮಾಡುವುದು ಯಾಕೆಂದರೆ ಅತ್ಯುತ್ತಮ ಚಿತ್ರದ ಮತ ಎಣಿಕೆಯೇ ಬೇರೆ. ಮಿಕ್ಕ ವಿಭಾಗಗಳಲ್ಲಿ ಹೆಚ್ಚು ಮತ ಬಂದವರು ಗೆಲ್ಲುತ್ತಾರೆ. ಅತ್ಯುತ್ತಮ ಚಿತ್ರಕ್ಕೆ ಮಾತ್ರ 2009ರ ಸಾಲಿನಿಂದ ಪ್ರಾಶಸ್ತ್ಯದ ಮತ. ನಮ್ಮ ವಿಧಾನ ಪರಿಷತ್ ಚುನಾವಣೆಯ ಎಣಿಕೆ ನೋಡಿದವರಿಗೆ ಇದು ತಕ್ಷಣ ಹೊಳೆಯುತ್ತದೆ: ಕೊನೆಯವರನ್ನು ತೆಗೆದು, ಅವರ ಮತಪತ್ರಗಳನ್ನು ಮುಂದಿನ ಪ್ರಾಶಸ್ತ್ಯಕ್ಕೆ ಹಂಚಿ, ಯಾರಾದರೂ ಅರ್ಧ ದಾಟುವವರೆಗೆ ಸುತ್ತುತ್ತಾ ಹೋಗುವುದು.

ಆದ್ದರಿಂದ ನನ್ನ ಕೆಲಸ ಎರಡು ಯಂತ್ರಗಳಲ್ಲಿ ನಡೆಯುತ್ತದೆ. ಅತ್ಯುತ್ತಮ ಚಿತ್ರಕ್ಕೆ ಒಂದು, ಮಿಕ್ಕೆಲ್ಲದಕ್ಕೂ ಇನ್ನೊಂದು.

ಎರಡನೆಯದು ಸರಳ. ಪ್ರತಿ ವಿಭಾಗಕ್ಕೂ ಒಂದು ಕಂಡಿಷನಲ್ ಲಾಜಿಟ್ (ಸೂಚಕಗಳಿಂದ ಗೆಲುವಿನ ಸಂಭವನೀಯತೆ ಅಂದಾಜಿಸುವ ಮಾದರಿ): ಒಂದೇ ವರ್ಷದ ಐವರನ್ನು ಒಂದು ಗುಂಪಾಗಿ ಹಿಡಿದು, ಗುಂಪಿನೊಳಗೆ ಸಂಭವನೀಯತೆ ನೂರಕ್ಕೆ ಕೂಡುವಂತೆ. ವಿಭಾಗಕ್ಕೆ ನಾಲ್ಕಕ್ಕಿಂತ ಹೆಚ್ಚು ಸೂಚಕಗಳನ್ನು ಇಡುವುದಿಲ್ಲ. ಇಪ್ಪತ್ತೈದು ವರ್ಷಗಳ ದತ್ತಾಂಶಕ್ಕೆ ಹತ್ತು ಹದಿನೈದು ಸೂಚಕ ತುಂಬಿದರೆ ಹಳೆಯ ವರ್ಷಗಳೆಲ್ಲ ಅಚ್ಚುಕಟ್ಟಾಗಿ ಹೊಂದುತ್ತವೆ, ಹೊಸ ವರ್ಷ ಬಂದೊಡನೆ ಕುಸಿಯುತ್ತದೆ. ರಿಡ್ಜ್ ದಂಡ (ಗುಣಾಂಕಗಳು ಅತಿಯಾಗದಂತೆ ಹಿಡಿಯುವ ಕಡಿವಾಣ) ಗಟ್ಟಿಯಾಗಿಯೇ ಇರಲಿ. ಪರೀಕ್ಷೆ ಯಾವಾಗಲೂ ಕಾಲಕ್ರಮದಲ್ಲೇ: 2014ರವರೆಗಿನದನ್ನು ಕಲಿಸಿ 2015 ಊಹಿಸಿ, ಆಮೇಲೆ 2015 ಸೇರಿಸಿ 2016. ಮಧ್ಯದ ಒಂದು ವರ್ಷ ತೆಗೆದು ಪರೀಕ್ಷಿಸಿದರೆ ಭವಿಷ್ಯದ ಮಾಹಿತಿ ಹಿಂದಕ್ಕೆ ಸೋರುತ್ತದೆ.

ಹಳೆಯ ವರ್ಷಗಳ ತೂಕ ಇಳಿಸುವುದು ಕಡ್ಡಾಯ. ಪ್ರತಿ ವರ್ಷಕ್ಕೆ 0.9ರಿಂದ ಗುಣಿಸುತ್ತೇನೆ. ಹತ್ತು ವರ್ಷ ಹಳೆಯ ಫಲಿತಾಂಶಕ್ಕೆ ಸುಮಾರು 0.35 ತೂಕ ಉಳಿಯುತ್ತದೆ. ಇದಕ್ಕೆ ಗಟ್ಟಿ ಕಾರಣವಿದೆ. 2016ರ ನಂತರ ಆಸ್ಕರ್ ಕೊಡುವ ಅಕಾಡೆಮಿಯ ಸದಸ್ಯತ್ವ ಆರು ಸಾವಿರ ಚಿಲ್ಲರೆಯಿಂದ ಹತ್ತು ಸಾವಿರದ ಹತ್ತಿರಕ್ಕೆ ಬೆಳೆಯಿತು, ಅಮೆರಿಕದ ಹೊರಗಿನವರು ಬಹಳ ಸೇರಿದರು. ಕೊರಿಯಾದ 'ಪ್ಯಾರಾಸೈಟ್' ಅನ್ನು ಗೆಲ್ಲಿಸಿದ ಮತದಾರ ಸಮೂಹವೂ 2005ರ ಸಮೂಹವೂ ಒಂದೇ ಅಲ್ಲ. 0.85ಕ್ಕೆ ಇಳಿಸಿದರೆ ದತ್ತಾಂಶ ಸಾಲದಾಗುತ್ತದೆ, 0.95 ಇಟ್ಟರೆ ಹಳೇ ಹಾಲಿವುಡ್ ಮಾತನಾಡುತ್ತದೆ.

ಸೂಚಕಗಳ ಆಯ್ಕೆಯಲ್ಲಿ ನಾನು ಕೇಳುವ ಪ್ರಶ್ನೆ ಒಂದೇ: ಈ ಪ್ರಶಸ್ತಿಗೆ ಮತ ಹಾಕಿದವರಲ್ಲಿ ಎಷ್ಟು ಜನ ಆಸ್ಕರ್‌ಗೂ ಮತ ಹಾಕುತ್ತಾರೆ? ವಿಮರ್ಶಕರ ಸಂಘಗಳಿಗೆ ಅಲ್ಲಿ ಮತವಿಲ್ಲ. ಗೋಲ್ಡನ್ ಗ್ಲೋಬ್‌ಗೂ ಇಲ್ಲ, ಮೇಲಾಗಿ 2023ರಲ್ಲಿ ಅದರ ಹಳೆಯ ಸಂಘ ವಿಸರ್ಜನೆಯಾಗಿ ಮತದಾರರೇ ಬದಲಾದರು. ನಿರ್ದೇಶನಕ್ಕೆ ಡಿಜಿಎ ಒಂದೇ ಮುಕ್ಕಾಲು ಕೆಲಸ ಮುಗಿಸುತ್ತದೆ: 1948ರಿಂದ 2024ರ ಸಾಲಿನವರೆಗೆ ಅದು ತಪ್ಪಿದ್ದು ಎಂಟು ಸಲ. ಆ ಎಂಟರಲ್ಲೂ 1985ರ ಸ್ಪೀಲ್‌ಬರ್ಗ್, 1995ರ ರಾನ್ ಹವರ್ಡ್, 2012ರ ಬೆನ್ ಅಫ್ಲೆಕ್ ಈ ಮೂವರು ಆಸ್ಕರ್ ಪಟ್ಟಿಯಲ್ಲೇ ಇರಲಿಲ್ಲ. ಈ ಮೂರನ್ನು ಮಾದರಿಯ ಸೋಲು ಎಂದು ದಾಖಲಿಸಿದರೆ ಡಿಜಿಎ ತೂಕ ಸುಮ್ಮನೆ ಕುಗ್ಗುತ್ತದೆ, ಅವನ್ನು ಬೇರೆ ಕಲಂನಲ್ಲಿ ಇಡಿ.

ಇದೇ ಕಾರಣಕ್ಕೆ 'ಸೋತರು' ಮತ್ತು 'ಸ್ಪರ್ಧೆಯಲ್ಲೇ ಇರಲಿಲ್ಲ' ಎರಡಕ್ಕೂ ಸೊನ್ನೆ ಬರೆಯಬಾರದು. ಚಿತ್ರಕಥೆಯ ಡಬ್ಲ್ಯುಜಿಎ (ಬರಹಗಾರರ ಗಿಲ್ಡ್) ಈ ಬಲೆಯ ದೊಡ್ಡ ಉದಾಹರಣೆ. ಗಿಲ್ಡ್ ಒಪ್ಪಂದದ ಹೊರಗೆ ಬರೆದ ಚಿತ್ರಕಥೆಗಳು ಅಲ್ಲಿ ಅರ್ಹವೇ ಅಲ್ಲ. 2020ರ ಸಾಲಿನಲ್ಲಿ 'ದ ಫಾದರ್', ಮರುವರ್ಷ 'ಬೆಲ್‌ಫಾಸ್ಟ್' ಡಬ್ಲ್ಯುಜಿಎ ಪಟ್ಟಿಯಲ್ಲಿ ಇಲ್ಲದೆಯೇ ಆಸ್ಕರ್ ಗೆದ್ದವು. 2023ರ ಸಾಲಿನಲ್ಲಂತೂ ಮುಷ್ಕರದಿಂದಾಗಿ ಡಬ್ಲ್ಯುಜಿಎ ಸಮಾರಂಭವೇ ಆಸ್ಕರ್ ಆದ ಮೇಲೆ ಏಪ್ರಿಲ್‌ನಲ್ಲಿ ನಡೆಯಿತು. ಬಾಫ್ಟಾದಲ್ಲೂ ಇದೇ ಎಚ್ಚರ ಬೇಕು. ನಾಮನಿರ್ದೇಶನಕ್ಕೆ ತೀರ್ಪುಗಾರರ ಸಮಿತಿ ಬಂದ ಮೇಲೆ, 2021ರ ಸಾಲಿನ ಆಸ್ಕರ್ ನಾಯಕಿಯರ ಐವರಲ್ಲಿ ಒಬ್ಬರೂ ಬಾಫ್ಟಾ ಪಟ್ಟಿಯಲ್ಲಿರಲಿಲ್ಲ. ಆ ವರ್ಷ ಬಾಫ್ಟಾ ಕಲಂ ಖಾಲಿ ಇರಬೇಕು, ಸೊನ್ನೆ ಇರಬಾರದು. ನನ್ನ ಹಾಳೆಯಲ್ಲಿ ಮೂರು ಗುರುತುಗಳಿವೆ: ಗೆಲುವು, ಸೋಲು, ಅನರ್ಹ ಅಥವಾ ಗೈರು. ಇದೊಂದು ಬದಲಾವಣೆಯಿಂದಲೇ ಚಿತ್ರಕಥೆ ವಿಭಾಗಗಳ ಲಾಗ್ ಲಾಸ್ (ಊಹೆಯ ತಪ್ಪಿನ ಅಳತೆ) ಹೆಚ್ಚುಕಡಿಮೆ ಐದನೇ ಒಂದು ಭಾಗ ಇಳಿಯಿತು.

ಹೆಸರು ಜೋಡಿಸುವಾಗ ಇನ್ನೆರಡು ಮುಳ್ಳುಗಳು. ಸಮಾರಂಭದ ವರ್ಷ ಬೇರೆ, ಚಿತ್ರದ ವರ್ಷ ಬೇರೆ. ಎರಡನ್ನೂ ಕಲಂ ಮಾಡಿ, ಜೋಡಣೆ ಚಿತ್ರದ ವರ್ಷದ ಮೇಲೆ ಮಾತ್ರ. ಇನ್ನೊಂದು, ಅದೇ ಪಾತ್ರ ಒಂದು ಕಡೆ ಪೋಷಕ, ಇನ್ನೊಂದು ಕಡೆ ನಾಯಕಿ. 2008ರ ಸಾಲಿನಲ್ಲಿ ಕೇಟ್ ವಿನ್ಸ್‌ಲೆಟ್ 'ದ ರೀಡರ್'ಗೆ ಸ್ಯಾಗ್‌ನಲ್ಲಿ ಪೋಷಕ ನಟಿ, ಆಸ್ಕರ್‌ನಲ್ಲಿ ನಾಯಕಿ, ಎರಡೂ ಕಡೆ ಗೆದ್ದರು. ವಿಭಾಗದ ಹೆಸರಿನಿಂದ ಜೋಡಿಸಿದರೆ ಆ ಗೆಲುವು ಕಾಣೆಯಾಗುತ್ತದೆ. ವ್ಯಕ್ತಿ ಮತ್ತು ಚಿತ್ರ ಸೇರಿಸಿ ಜೋಡಣೆಯ ಕೀ ಮಾಡಿ.

ನಟನೆಯ ನಾಲ್ಕು ವಿಭಾಗಗಳೇ ಬಾಜಿಯಲ್ಲಿ ಹಣ ಬರುವ ಜಾಗ, ಯಾಕೆಂದರೆ ಇಲ್ಲಿ ಜನ ಸ್ಯಾಗ್ ಅನ್ನು ಕಣ್ಣು ಮುಚ್ಚಿ ನಂಬುತ್ತಾರೆ. ಸ್ಯಾಗ್ ಅಂತಿಮ ಮತದಾರರು ಲಕ್ಷಕ್ಕೂ ಮೀರಿದವರು, ಅಕಾಡೆಮಿಯ ನಟರ ಶಾಖೆ ಅದರ ಪುಟ್ಟ ತುಣುಕು. 2020ರ ಸಾಲಿನಲ್ಲಿ ಸ್ಯಾಗ್ ಹೇಳಿದ್ದು ಚ್ಯಾಡ್ವಿಕ್ ಬೋಸ್‌ಮನ್ ಮತ್ತು ವಯೋಲಾ ಡೇವಿಸ್, ಗೆದ್ದದ್ದು ಬಾಫ್ಟಾ ಹೇಳಿದ ಆಂಟನಿ ಹಾಪ್ಕಿನ್ಸ್ ಮತ್ತು ಫ್ರಾನ್ಸಿಸ್ ಮೆಕ್‌ಡಾರ್ಮಂಡ್. 2024ರ ಸಾಲಿನಲ್ಲೂ ಹಾಗೆಯೇ: ಸ್ಯಾಗ್‌ನಲ್ಲಿ ಟಿಮೊಥಿ ಶಾಲಮೇ ಮತ್ತು ಡೆಮಿ ಮೂರ್, ಬಾಫ್ಟಾ ಮತ್ತು ಆಸ್ಕರ್‌ನಲ್ಲಿ ಏಡ್ರಿಯನ್ ಬ್ರೋಡಿ ಮತ್ತು ಮೈಕಿ ಮ್ಯಾಡಿಸನ್. ಹಾಗಂತ ಬಾಫ್ಟಾವನ್ನೇ ನೆಚ್ಚಿಕೊಂಡರೆ 2022ರ ಸಾಲು ನೆಲಕ್ಕೆ ಬೀಳಿಸುತ್ತದೆ. ಅಲ್ಲಿ ನಟನೆಯ ನಾಲ್ಕೂ ವಿಭಾಗಗಳಲ್ಲಿ ಸ್ಯಾಗ್ ಸರಿ, ಬಾಫ್ಟಾ ನಾಲ್ಕೂ ತಪ್ಪು. ನಾನು ಕಂಡುಕೊಂಡ ಭೇದ ಇದು: 'ಎವೆರಿಥಿಂಗ್ ಎವೆರಿವೇರ್ ಆಲ್ ಅಟ್ ಒನ್ಸ್'ನಂಥ ಒಂದೇ ಚಿತ್ರ ವರ್ಷವನ್ನೇ ಎತ್ತಿಕೊಂಡು ಹೋಗುತ್ತಿರುವಾಗ ಅದರ ನಟರಿಗೆ ಚಿತ್ರದ ಬಲವೂ ಸೇರುತ್ತದೆ. ಹೀಗಾಗಿ ಮೊದಲು ಅತ್ಯುತ್ತಮ ಚಿತ್ರದ ಸಂಭವನೀಯತೆ ತೆಗೆದು, ಅದನ್ನು ನಟನೆಯ ಲಾಜಿಟ್‌ಗೆ ಒಂದು ಸೂಚಕವಾಗಿ ಕೊಡುತ್ತೇನೆ. ಅದರ ಗುಣಾಂಕ ನಾಯಕಿ ಮತ್ತು ನಾಯಕ ವಿಭಾಗಗಳಲ್ಲಿ ಒಂದೇ ಅಲ್ಲ ಎಂಬಷ್ಟು ಹೇಳುತ್ತೇನೆ, ಅಂಕಿ ನನ್ನ ಹತ್ತಿರವೇ ಇರಲಿ.

ತಾರೀಖುಗಳನ್ನೂ ಹಾಳೆಯಲ್ಲಿಡಿ. 2025ರಲ್ಲಿ ಅಂತಿಮ ಮತದಾನ ಫೆಬ್ರುವರಿ 11ರಿಂದ 18. ಬಾಫ್ಟಾ 16ಕ್ಕೆ, ಸ್ಯಾಗ್ 23ಕ್ಕೆ. ಅಂದರೆ ಸ್ಯಾಗ್ ವೇದಿಕೆಯ ಭಾಷಣ ಒಂದೇ ಒಂದು ಮತವನ್ನೂ ಅಲುಗಿಸಲು ಸಾಧ್ಯವಿರಲಿಲ್ಲ. ಆದರೂ ಆ ರಾತ್ರಿ ಬಾಜಿ ಮಾರುಕಟ್ಟೆಯ ಬೆಲೆ ಜಿಗಿಯುತ್ತದೆ. ಕೊಳ್ಳಲು ಅದೇ ಒಳ್ಳೆಯ ಗಂಟೆ.

ಈಗ ಮೊದಲ ಯಂತ್ರ. ಹತ್ತು ಸಾವಿರ ಕೃತಕ ಮತಪತ್ರ ಸೃಷ್ಟಿಸುತ್ತೇನೆ. ಪ್ರತಿ ಚಿತ್ರಕ್ಕೆ ಎರಡು ಅಂಕಿ: ಸರಾಸರಿ ಒಲವು, ಒಲವಿನ ಹರಹು (ಮತದಾರರ ನಡುವೆ ಒಲವು ಎಷ್ಟು ಏರುಪೇರಾಗುತ್ತದೆ ಎಂಬುದು). ಪ್ರತಿ ಮತದಾರನಿಗೆ ಶಾಖೆಯ ಪರಿಣಾಮ ಮತ್ತು ಅವನದೇ ಗದ್ದಲ (ಯಾದೃಚ್ಛಿಕ ಏರುಪೇರು) ಸೇರಿಸಿ ಹತ್ತು ಚಿತ್ರಗಳನ್ನು ಶ್ರೇಣಿಗೆ ಇಳಿಸಿ, ಕೊನೆಯದನ್ನು ಕಳೆಯುತ್ತಾ ಹೋಗುವುದು. ಇದನ್ನು ಎರಡು ಸಾವಿರ ಸಲ, ಪ್ರತಿ ಸಲ ಸರಾಸರಿಗಳನ್ನೇ ಸ್ವಲ್ಪ ಅಲುಗಿಸಿ ಓಡಿಸಬೇಕು. ಅಲುಗಿಸದಿದ್ದರೆ ಮುಂಚೂಣಿಯ ಚಿತ್ರಕ್ಕೆ 97, 98 ಶೇಕಡಾ ಬರುತ್ತದೆ, ಅದು ಸುಳ್ಳು ಧೈರ್ಯ. ಹರಹು ದೊಡ್ಡದಿರುವ ಚಿತ್ರ ಮೊದಲ ಪ್ರಾಶಸ್ತ್ಯದಲ್ಲಿ ಮುಂದಿದ್ದು ಎಂಟನೇ ಸುತ್ತಿನಲ್ಲಿ ಸೋಲುವುದು ಪರದೆಯ ಮೇಲೆ ಕಾಣುತ್ತದೆ. ಆದರೆ ಇದನ್ನು ಅತಿ ಮಾಡಬೇಡಿ: ಮೊದಲ ಸುತ್ತಿನಲ್ಲೇ ಹತ್ತು ಶೇಕಡಾದಷ್ಟು ಮುನ್ನಡೆ ಇದ್ದರೆ ವರ್ಗಾವಣೆ ಮತಗಳು ಅದನ್ನು ಮಗುಚುವುದು ಅಪರೂಪ.

ಸರಾಸರಿಯನ್ನು ಹೊಂದಿಸಲು ಪಿಜಿಎ ಮುಖ್ಯ, ಅಲ್ಲೂ ಪ್ರಾಶಸ್ತ್ಯದ ಮತವೇ. 2009ರಿಂದ 2024ರ ಸಾಲಿನವರೆಗೆ ಹದಿನಾರರಲ್ಲಿ ಮೂರೇ ತಪ್ಪು: 'ದ ಬಿಗ್ ಶಾರ್ಟ್', 'ಲಾ ಲಾ ಲ್ಯಾಂಡ್', '1917'. 2013ರಲ್ಲಿ ಅಲ್ಲಿ ಟೈ ಆಗಿತ್ತು, ಅದನ್ನು ಅರ್ಧ ಗೆಲುವು ಎಂದು ಬರೆಯಿರಿ. ಹರಹನ್ನು ಅಳೆಯುವುದು ಹೇಗೆ ಎಂಬುದು ನನ್ನ ವರ್ಷಗಳ ದುಡಿಮೆ, ಅದನ್ನು ಪೂರ್ತಿ ಬಿಚ್ಚುವುದಿಲ್ಲ. ನಾಮನಿರ್ದೇಶನಗಳ ಒಟ್ಟು ಸಂಖ್ಯೆಗಿಂತ ಅವು ಎಷ್ಟು ಶಾಖೆಗಳಿಂದ ಬಂದಿವೆ ಎಂಬುದರಿಂದ ಶುರುಮಾಡಿ, ದಾರಿ ಸಿಗುತ್ತದೆ.

ಸಂಕಲನದ ನಾಮನಿರ್ದೇಶನ ಇಲ್ಲದೆ ಅತ್ಯುತ್ತಮ ಚಿತ್ರವಿಲ್ಲ ಎಂಬ ಹಳೆಯ ನಿಯಮವನ್ನು ಈಗಲೂ ಕಟ್ಟುನಿಟ್ಟಾಗಿ ಹಿಡಿಯುವವರಿದ್ದಾರೆ. 1980ರ 'ಆರ್ಡಿನರಿ ಪೀಪಲ್' ನಂತರ ಮೂರು ದಶಕ ನಿಂತ ನಿಯಮ ಅದು. 2014ರಲ್ಲಿ 'ಬರ್ಡ್‌ಮ್ಯಾನ್' ಮುರಿಯಿತು, ಆಮೇಲೆ 'ಕೋಡಾ'. ಇಂಥವನ್ನು ಸಣ್ಣ ತೂಕದ ಸೂಚಕವಾಗಿ ಇಡಿ, ಬಾಗಿಲು ಮುಚ್ಚುವ ನಿಯಮವಾಗಿ ಬೇಡ.

ತಾಂತ್ರಿಕ ವಿಭಾಗಗಳನ್ನು ಬೇಗ ಮುಗಿಸುತ್ತೇನೆ. ಧ್ವನಿಯ ಎರಡು ಪ್ರಶಸ್ತಿಗಳು 2020ರ ಸಾಲಿನಲ್ಲಿ ಒಂದಾದವು, ಹಿಂದಿನ ವರ್ಷಗಳಲ್ಲಿ ಗೆದ್ದವರು ಬೇರೆಬೇರೆಯಾಗಿದ್ದರೆ ತಲಾ ಅರ್ಧ. ವಿಶುವಲ್ ಎಫೆಕ್ಟ್ಸ್‌ನಲ್ಲಿ ಅತ್ಯುತ್ತಮ ಚಿತ್ರದ ಪಟ್ಟಿಯಲ್ಲಿರುವ ಚಿತ್ರಕ್ಕೆ ದೊಡ್ಡ ತೂಕ, ಆದರೆ 2015ರಲ್ಲಿ 'ಎಕ್ಸ್ ಮಷಿನಾ' ಅಂಥ ಮೂರು ಚಿತ್ರಗಳನ್ನು ಸೋಲಿಸಿದ್ದು ನೆನಪಿರಲಿ. ಅನಿಮೇಷನ್‌ನಲ್ಲಿ ಆನೀ ಪ್ರಶಸ್ತಿಯನ್ನು ಹಿಂಬಾಲಿಸಿದವರು 2019, 2021, 2023, 2024ರ ಸಾಲುಗಳಲ್ಲಿ ಕೆಟ್ಟರು. ಆನೀ ಅನಿಮೇಟರುಗಳ ಮತ, ಆಸ್ಕರ್ ಅಂತಿಮ ಸುತ್ತಿನಲ್ಲಿ ಎಲ್ಲ ಶಾಖೆಯವರೂ ಮತ ಹಾಕುತ್ತಾರೆ. ಹಾಡಿನಲ್ಲೂ ಅಷ್ಟೇ: ನಾಮನಿರ್ದೇಶನ ಸಂಗೀತ ಶಾಖೆಯದು, ಆಯ್ಕೆ ಎಲ್ಲರದು. 'ನಾಟು ನಾಟು' ವಿಷಯದಲ್ಲಿ ನನ್ನ ಯಂತ್ರ ಎಪ್ಪತ್ತರ ಮೇಲೆ ಕೊಟ್ಟಿತ್ತು, ಅಭಿಮಾನದ ಅಂಕ ಸೇರಿಸದೆಯೇ.

ಪಕ್ಕದ ಪ್ರಯೋಗಗಳೂ ನಡೆದವು. ವಿಕಿಪೀಡಿಯ ಪುಟ ನೋಟಗಳು, ಟ್ವೀಟ್‌ಗಳ ಭಾವ ವಿಶ್ಲೇಷಣೆ, ಚಿತ್ರದ ಅವಧಿ, ಬಿಡುಗಡೆಯ ತಿಂಗಳು. ಟ್ವೀಟ್ ದತ್ತಾಂಶಕ್ಕೆ ತಿಂಗಳಿಗೆ ನೂರು ಡಾಲರಿನಷ್ಟು ಸುರಿದೆ, ಊಹೆ ಒಂದಿಷ್ಟೂ ಸುಧಾರಿಸಲಿಲ್ಲ. ಪ್ರೇಕ್ಷಕರ ಗದ್ದಲ ಮತದಾರರ ಗದ್ದಲವಲ್ಲ. ಒಂದು ಅಪವಾದವೆಂದರೆ ಹಠಾತ್ ವಿವಾದ. 13 ನಾಮನಿರ್ದೇಶನ ಪಡೆದಿದ್ದ 'ಎಮಿಲಿಯಾ ಪೆರೆಜ್' ನಾಯಕಿಯ ಹಳೆಯ ಪೋಸ್ಟ್‌ಗಳು ಹೊರಬಂದ ಮೇಲೆ ಎರಡಕ್ಕೇ ನಿಂತಿತು, ಅಂತರರಾಷ್ಟ್ರೀಯ ಚಿತ್ರವನ್ನು 'ಐ ಆಮ್ ಸ್ಟಿಲ್ ಹಿಯರ್' ಒಯ್ದಿತು. ಇಂಥದ್ದಕ್ಕೆ ಸೂತ್ರವಿಲ್ಲ. ಮತದಾನ ಶುರುವಾಗುವ ಮೊದಲೇ ವಿವಾದ ಎದ್ದರೆ ಒಲವಿನ ಸರಾಸರಿಯನ್ನು ಕೈಯಾರೆ ಇಳಿಸುತ್ತೇನೆ, ಹರಹನ್ನು ಹಿಗ್ಗಿಸುತ್ತೇನೆ.

ಇನ್ನು ಹಣ. ಬಾಜಿ ದರಗಳನ್ನು ಸಂಭವನೀಯತೆಗೆ ತಿರುಗಿಸುವಾಗ ಎಲ್ಲರೂ ಮೊತ್ತದಿಂದ ಭಾಗಿಸಿ ಸುಮ್ಮನಾಗುತ್ತಾರೆ. ಮೈನಸ್ 500, ಪ್ಲಸ್ 400, 1000, 2500, 5000 ಎಂಬ ಐದು ಅಮೆರಿಕನ್ ದರಗಳನ್ನು ತೆಗೆದುಕೊಳ್ಳಿ (ಮೈನಸ್ 500 ಎಂದರೆ 100 ಗೆಲ್ಲಲು 500 ಇಡಬೇಕು, ಪ್ಲಸ್ 400 ಎಂದರೆ 100 ಇಟ್ಟು 400 ಗೆಲ್ಲಬಹುದು). ಕಚ್ಚಾ ಮೊತ್ತ 118 ಶೇಕಡಾ. ಭಾಗಿಸಿದರೆ ಮುಂಚೂಣಿಗೆ 70 ಸಿಗುತ್ತದೆ. ಆದರೆ ಗೆಲ್ಲುವ ಅವಕಾಶ ಕಡಿಮೆ ಇರುವ ಕುದುರೆಗಳ ಬೆಲೆ ಸಾಮಾನ್ಯವಾಗಿ ಉಬ್ಬಿರುತ್ತದೆ, ಹಾಗಾಗಿ ಎಲ್ಲವನ್ನೂ ಒಂದೇ ಘಾತಕ್ಕೆ ಏರಿಸಿ ಮೊತ್ತ ನೂರಾಗುವಂತೆ ಮಾಡುತ್ತೇನೆ. ಇಲ್ಲಿ ಘಾತ 1.25ರ ಆಸುಪಾಸು, ಮುಂಚೂಣಿಗೆ 79 ರಿಂದ 80. ಈ ಹತ್ತು ಅಂಕದ ಅಂತರದಲ್ಲೇ ಲಾಭ ನಷ್ಟ ಎರಡೂ ಕುಳಿತಿವೆ. ಕಾನೂನು ಒಪ್ಪುವ ಕಡೆ ಮಾತ್ರ ಹಣ ಇಡಿ, ಗಂಟಿನ ಎಷ್ಟು ಭಾಗ ಇಡಬೇಕೆಂದು ಹೇಳುವ ಕೆಲ್ಲಿ ಸೂತ್ರದ ಕಾಲುಭಾಗ ಮೀರಬೇಡಿ. ನಿಮ್ಮ ಲೆಕ್ಕ 60 ಶೇಕಡಾ, ಗೆದ್ದರೆ ಒಂದು ಡಾಲರ್ ಕೊಡುವ ಬಾಜಿಯ ಬೆಲೆ 50 ಸೆಂಟ್ ಇದ್ದರೆ ಪೂರ್ಣ ಕೆಲ್ಲಿ 20 ಶೇಕಡಾ, ಕಾಲುಭಾಗ 5. ಸಾವಿರ ಡಾಲರ್ ಗಂಟಿನಲ್ಲಿ 50 ಡಾಲರ್. 92 ಸೆಂಟಿನ ಖಚಿತ ಗೆಲುವುಗಳನ್ನು ಕೊಳ್ಳುವುದು ಬೇಡ. ಶುಲ್ಕ ಕಳೆದು ಉಳಿಯುವುದು ಆರೇಳು ಸೆಂಟ್, ಒಂದು ತಪ್ಪಿದರೆ ಹದಿಮೂರರಿಂದ ಹದಿನೈದು ಗೆಲುವು ತೊಳೆದುಹೋಗುತ್ತದೆ.

ಗೆಳೆಯರ ಪೂಲ್‌ನಲ್ಲಿ ಲೆಕ್ಕವೇ ಬೇರೆ. ನಲವತ್ತು ಜನ ತಲಾ 25 ಡಾಲರ್, ಗೆದ್ದವನಿಗೆ ಸಾವಿರವೂ. ಅಲ್ಲಿ ಹೆಚ್ಚು ಸರಿ ಊಹಿಸಿದರೆ ಸಾಲದು, ಮೊದಲಿಗನಾಗಬೇಕು. 55 ಶೇಕಡಾ ಅವಕಾಶವಿರುವ ಹೆಸರನ್ನು 34 ಜನ ಬರೆದಿದ್ದು, 35 ಶೇಕಡಾದ ಹೆಸರನ್ನು ನಾಲ್ಕೇ ಜನ ಬರೆದಿದ್ದರೆ ಎರಡನೆಯದನ್ನೇ ಬರೆಯಿರಿ. ಹೀಗೆ ಎರಡು ಅಥವಾ ಮೂರು ವಿಭಾಗ ಮಾತ್ರ. ಐದಾರು ಕಡೆ ಮಾಡಿದರೆ ಎಲ್ಲ ಕೂಡಿ ಬರುವುದಿಲ್ಲ. ಆ ಎರಡು ಮೂರು ಒಂದೇ ಚಿತ್ರಕ್ಕೆ ಸೇರಿದ್ದರೆ ಇನ್ನೂ ಒಳ್ಳೆಯದು, ಬಿದ್ದರೆ ಒಟ್ಟಿಗೆ, ಎದ್ದರೆ ಒಟ್ಟಿಗೆ. ಕಿರುಚಿತ್ರಗಳ ಮೂರು ವಿಭಾಗಗಳಲ್ಲಿ ಇಂಥ ಅವಕಾಶ ಹೆಚ್ಚು: ಅಲ್ಲಿ ಯಾವ ಗಿಲ್ಡ್ ಸೂಚಕವೂ ಗಟ್ಟಿಯಿಲ್ಲ, ಹದಿನೈದನ್ನೂ ಕೂತು ನೋಡದೆ ವಿಧಿಯಿಲ್ಲ, ಬಹುಪಾಲು ಜನ ಹೆಸರು ನೋಡಿ ಗುರುತು ಹಾಕುತ್ತಾರೆ.

98ನೇ ಸಮಾರಂಭದಿಂದ ಎರಡು ಸಂಗತಿ ಬದಲಾಗಿವೆ. ಅಂತಿಮ ಸುತ್ತಿನಲ್ಲಿ ಮತ ಹಾಕಲು ಆ ವಿಭಾಗದ ಎಲ್ಲ ಚಿತ್ರಗಳನ್ನೂ ನೋಡಿರಬೇಕು. ಹೆಸರಿನ ಬಲಕ್ಕೆ ಕೊಟ್ಟಿದ್ದ ತೂಕವನ್ನು ನಾನು ಅರ್ಧಕ್ಕೆ ಇಳಿಸಿದ್ದೇನೆ. ಇನ್ನೊಂದು, ಕಾಸ್ಟಿಂಗ್ (ಪಾತ್ರಗಳಿಗೆ ನಟರ ಆಯ್ಕೆ) ಎಂಬ 24ನೇ ವಿಭಾಗ, ಅದಕ್ಕೆ 98ಕ್ಕಿಂತ ಹಿಂದಿನ ಆಸ್ಕರ್ ದತ್ತಾಂಶವೇ ಇಲ್ಲ. ಬಾಫ್ಟಾ 2020ರ ಸಮಾರಂಭದಿಂದ ಈ ಪ್ರಶಸ್ತಿ ಕೊಡುತ್ತಿದೆ. ಅದರ ಗೆಲುವಿಗೆ, ಸ್ಯಾಗ್ ತಾರಾಬಳಗದ ಪ್ರಶಸ್ತಿಗೆ, ಅತ್ಯುತ್ತಮ ಚಿತ್ರದ ಸಂಭವನೀಯತೆಗೆ ಸಮಾನ ತೂಕ ಕೊಟ್ಟು ಶುರುಮಾಡಿ, ಯಾವ ಹೆಸರಿಗೂ 60 ದಾಟದಂತೆ ಮೇಲ್ಮಿತಿ ಹಾಕಿ.