ಕಿತ್ತಳೆ ತೇಲುತ್ತಾ, ಮುಳುಗುತ್ತಾ? ಮಕ್ಕಳೇ ನೋಡಿ ಹೇಳಲಿ

ವಸ್ತುಗಳ ಗುಣ ಕಲಿಸುವ ಪಾಠ ಬಂತೆಂದರೆ ಬೋರ್ಡಿನ ಮೇಲೆ ಮೊದಲು ಬೀಳುವುದು ‘ಘನ, ದ್ರವ, ಅನಿಲ’. ನಾಲ್ಕು, ಐದನೇ ತರಗತಿಯ ಮಕ್ಕಳಿಗೆ ಆ ಪದಗಳನ್ನು ಕೊನೆಗೆ ಕೊಡಿ. ಮೊದಲು ಕೈಗೆ ವಸ್ತು ಕೊಡಿ. ಕೊಡಗಿನಲ್ಲಿ ಇದಕ್ಕೆ ಕಿಟ್ ಕೊಳ್ಳಬೇಕಾಗಿಲ್ಲ. ತೋಟ, ಹೊಳೆ, ಅಡುಗೆಮನೆ ಸಾಕು.

ಹೊಳೆಕಲ್ಲು, ಕರಿಮೆಣಸು, ಕಾಫಿ ಬೀಜ, ಬಿದಿರಿನ ತುಂಡು, ಸಣ್ಣ ಬಾಟಲಿಯಲ್ಲಿ ಜೇನು ಅಥವಾ ಕಾಚಂಪುಳಿ (ಕೊಡಗಿನ ಅಡುಗೆಯ ಕಪ್ಪು ಹುಳಿರಸ). ಒಬ್ಬೊಬ್ಬರು ಒಂದೊಂದು ತರಲಿ. ನಾಲ್ಕು ಜನರ ಗುಂಪು ಮಾಡಿ.

ಮೊದಲು ಮುಟ್ಟಿ, ಮೂಸಿ, ಅಲುಗಾಡಿಸಿ ನೋಡಲಿ. ರುಚಿ ನೋಡುವುದು ಮಾತ್ರ ಬೇಡ. ವಸ್ತುವಿನ ಹೆಸರು ಹೇಳದೆ ಅದು ಹೇಗಿದೆ ಎಂದು ಹೇಳಬೇಕು. ಒರಟು, ನುಣುಪು, ಅಂಟು, ತಣ್ಣಗೆ... ಮಕ್ಕಳು ಹೇಳಿದ ಪದವನ್ನೇ ಬೋರ್ಡಿಗೆ ಬರೆಯಿರಿ. ಯಾರಾದರೂ ‘ಚೆನ್ನಾಗಿದೆ’ ಅಂದರೆ ‘ಹೇಗೆ ಚೆನ್ನಾಗಿದೆ?’ ಎಂದು ಕೇಳಿ.

ಆಮೇಲೆ ನೀರು. ಒಂದು ಪಾರದರ್ಶಕ ಡಬ್ಬಿ ತುಂಬಾ ನೀರಿಡಿ. ಹಾಕುವ ಮೊದಲು ಪ್ರತಿ ಮಗುವೂ ತನ್ನ ಅಂದಾಜು ಬರೆಯಲಿ. ಇಡೀ ಕಿತ್ತಳೆ ಹಾಕಿ, ತೇಲುತ್ತದೆ. ಈಗ ಸಿಪ್ಪೆ ಸುಲಿದು, ತೊಳೆ ಬಿಡಿಸಿ ಒಂದನ್ನು ಹಾಕಿ. ಮುಳುಗುತ್ತದೆ! ‘ಭಾರ ಇರೋದು ಮುಳುಗುತ್ತೆ’ ಅಂದ ಮಗು ಇಲ್ಲಿ ಗೊಂದಲಕ್ಕೆ ಬೀಳುತ್ತದೆ. ಇಡೀ ಹಣ್ಣೇ ಜಾಸ್ತಿ ಭಾರ ಅಲ್ವಾ? ತಕ್ಷಣ ಉತ್ತರ ಹೇಳಿಬಿಡಬೇಡಿ, ಸ್ವಲ್ಪ ಹೊತ್ತು ಸುಮ್ನಿರಿ. ಪಾಠದ ಜೀವ ಇರುವುದೇ ಆ ಹೊತ್ತಿನಲ್ಲಿ. ಸಿಪ್ಪೆಯ ಒಳಗಿನ ಬಿಳಿ ಭಾಗವನ್ನು ಹತ್ತಿರದಿಂದ ನೋಡಲಿ, ನೀರಿನೊಳಗೆ ಹಿಂಡಲಿ. ಸಣ್ಣ ಗುಳ್ಳೆಗಳು ಎದ್ದು ಬರುತ್ತವೆ. ಸಿಪ್ಪೆಯಲ್ಲಿ ಗಾಳಿ ಇದೆ ಎಂದು ಅವರೇ ಹೇಳುತ್ತಾರೆ. ಕಾಫಿ ಹಣ್ಣನ್ನು ನೀರಿಗೆ ಹಾಕಿದಾಗ ಜೊಳ್ಳು ಮೇಲೆ ಬರುವುದನ್ನು ಮನೆಯಲ್ಲಿ ಕಂಡ ಮಕ್ಕಳಿರುತ್ತಾರೆ. ಅದು ಯಾಕೆ ಎಂದು ಅವರಿಂದಲೇ ವಿವರಣೆ ಕೇಳಿ.

ಮೂರನೆಯದು ಕೊಬ್ಬರಿ ಎಣ್ಣೆ. ಡಿಸೆಂಬರ್, ಜನವರಿಯ ಬೆಳಗಿನ ಚಳಿಯಲ್ಲಿ ಮಡಿಕೇರಿ ಕಡೆ ಬಾಟಲಿಯಲ್ಲೇ ಗಟ್ಟಿಯಾಗಿರುತ್ತದೆ. ಸುಮಾರು 24 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕರಗುತ್ತದೆ, ಅಂಗೈ ಬಿಸಿಯೇ ಸಾಕು. ಚೂರು ಎಣ್ಣೆ ಅಂಗೈಗೆ ಹಾಕಿ, ಅಂಚಿನಿಂದ ಹೇಗೆ ಕರಗುತ್ತದೆ ಎಂದು ನೋಡಲು ಹೇಳಿ. ತಕ್ಕಡಿ ಇದ್ದರೆ ಮುಚ್ಚಳ ಬಿಗಿ ಮಾಡಿದ ಬಾಟಲಿಯನ್ನು ತೂಗಿ, ಬಿಸಿನೀರಲ್ಲಿಟ್ಟು ಕರಗಿಸಿ, ಹೊರಗೆ ಚೆನ್ನಾಗಿ ಒರೆಸಿ ಮತ್ತೆ ತೂಗಿ. ತೂಕ ಅಷ್ಟೇ ಇರುತ್ತದೆ. ‘ಹಾಗಾದರೆ ಬದಲಾಗಿದ್ದೇನು?’ ಎಂದು ಕೇಳಿ. ಘನ, ದ್ರವ ಎಂಬ ಪದಗಳನ್ನು ಈಗ ಬರೆಯಿರಿ. ಕಿತ್ತಳೆ ಸಿಪ್ಪೆಯ ಗುಳ್ಳೆ ನೆನಪಿಸಿದರೆ ಅನಿಲಕ್ಕೆ ಬೇರೆ ಪ್ರಯೋಗ ಬೇಡ.

ನೀರಿನಲ್ಲಿ ಉಪ್ಪು ಕರಗುವುದು, ಮರಳು ಕರಗದಿರುವುದು ಐದು ನಿಮಿಷದ ಕೆಲಸ.

ತಪ್ಪಾದ ಅಂದಾಜನ್ನು ಅಳಿಸಲು ಬಿಡಬೇಡಿ, ಪಕ್ಕದಲ್ಲೇ ನಡೆದದ್ದನ್ನು ಬರೆಸಿ. ಪರೀಕ್ಷೆ ಮಾಡಬೇಕೆನಿಸಿದರೆ ಮರುದಿನ ಒಂದು ಮೇಣದ ತುಂಡು ಕೊಟ್ಟು ಐದು ಗುಣ ಬರೆಯಲು ಹೇಳಿ. ‘ಘನ’ ಅಂತ ಬರೆದು ಪೆನ್ಸಿಲ್ ಕೆಳಗಿಟ್ಟ ಮಗುವಿಗೆ ನೀರಿನ ಡಬ್ಬಿ ಕೊಡಿ.