ಕರಾರಿನಲ್ಲಿ ಎರಡು ಹೆಸರು

ಪುಸ್ತಕದ ರಕ್ಷಾಪುಟದ ಮೇಲೆ ಕಾವ್ಯನಾಮ ಇರಲಿ, ಪ್ರಕಾಶಕರ ಜೊತೆ ಮಾಡಿಕೊಳ್ಳುವ ಕರಾರಿನ ಮೊದಲ ಸಾಲಿನಲ್ಲಿ ಆಧಾರ್‌ನಲ್ಲಿರುವ ಹೆಸರೇ ಇರಬೇಕು. ಹಾಸನ, ಸಕಲೇಶಪುರದ ಕಡೆಯಿಂದ ಹೊಸದಾಗಿ ಬರೆಯುವವರು ಕೇಳಿದಾಗಲೆಲ್ಲ ನಾನು ಮೊದಲು ಹೇಳುವುದು ಇದನ್ನೇ. ಕಾವ್ಯನಾಮದಲ್ಲಿ ಸಹಿ ಹಾಕಿದ ಮಾತ್ರಕ್ಕೆ ಕರಾರು ಬಿದ್ದುಹೋಗುವುದಿಲ್ಲ. ಆದರೆ ತಕರಾರು ಬಂದ ದಿನ ಆ ಹೆಸರಿನವರು ನಾವೇ ಎಂದು ಸಾಬೀತು ಮಾಡುವ ಹೊರೆ ನಮ್ಮ ತಲೆಗೇ ಬರುತ್ತದೆ. ಪ್ರಕಾಶಕರು ತೀರಿಕೊಂಡು ಮಕ್ಕಳು ಪ್ರಕಾಶನ ನೋಡಿಕೊಳ್ಳುತ್ತಿದ್ದರೆ ನಮ್ಮ ಗುರುತು ಹೇಳುವವರೂ ಅಲ್ಲಿ ಉಳಿದಿರುವುದಿಲ್ಲ.

ಉದಾಹರಣೆಗೆ ‘ಯಗಚಿ’ ಎಂಬ ಕಾವ್ಯನಾಮ ಇಟ್ಟುಕೊಳ್ಳೋಣ. ನಾನು ಕರಾರಿನ ಆರಂಭವನ್ನು ಬರೆಸುವುದು ಹೀಗೆ: “ಶ್ರೀಮತಿ ಇಂಥವರು, ಕೋಂ ಇಂಥವರು, ವಯಸ್ಸು ಇಷ್ಟು, ವಾಸ ಇಂಥ ಗ್ರಾಮ, ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ, ‘ಯಗಚಿ’ ಎಂಬ ಕಾವ್ಯನಾಮದಲ್ಲಿ ಬರೆಯುತ್ತಿರುವವರು; ಇವರನ್ನು ಮುಂದಕ್ಕೆ ‘ಲೇಖಕರು’ ಎಂದು ಕರೆಯಲಾಗಿದೆ.” ಪ್ರತಿ ಪುಟದ ಕೆಳಗೂ ಬ್ಯಾಂಕಿನಲ್ಲಿರುವ ಸಹಿ, ಕೊನೆಯ ಪುಟದಲ್ಲಿ ಸಹಿಯ ಕೆಳಗೆ ಆವರಣದಲ್ಲಿ ಕಾವ್ಯನಾಮ. ಇ-ಸ್ಟಾಂಪ್ ತೆಗೆಸುವಾಗ ಮೊದಲ ಪಕ್ಷ, ಎರಡನೇ ಪಕ್ಷ ಎಂದು ಹೆಸರು ಅಚ್ಚಾಗುತ್ತದೆ. ಕೌಂಟರಿನಲ್ಲಿ ಬಾಯಲ್ಲಿ ಹೇಳದೆ ಆಧಾರ್ ನೋಡಿ ಚೀಟಿಯಲ್ಲಿ ಬರೆದುಕೊಡುತ್ತೇನೆ. ಅಲ್ಲಿ ಒಂದಕ್ಷರ ತಪ್ಪಿದರೂ ಒಳಗಿನ ಕರಾರಿಗೂ ಮೇಲಿನ ಕಾಗದಕ್ಕೂ ತಾಳೆಯಾಗುವುದಿಲ್ಲ.

ಎರಡನೆಯದು ಗುಟ್ಟಿನ ಕಲಮು. ನನ್ನ ಮಾತುಗಳು ಇವು: “ಎಲ್ಲ ಪ್ರತಿ, ಜಾಹೀರಾತು, ಕ್ಯಾಟಲಾಗ್, ಆನ್‌ಲೈನ್ ಮಾರಾಟದ ಪುಟ, ಇ-ಪುಸ್ತಕಗಳಲ್ಲಿ ‘ಯಗಚಿ’ ಎಂಬ ಹೆಸರನ್ನಷ್ಟೇ ಬಳಸತಕ್ಕದ್ದು. ಲೇಖಕರ ನಿಜನಾಮ, ಊರು, ಭಾವಚಿತ್ರವನ್ನು ಅವರ ಲಿಖಿತ ಒಪ್ಪಿಗೆಯಿಲ್ಲದೆ ಯಾರಿಗೂ ತಿಳಿಸತಕ್ಕದ್ದಲ್ಲ. ತೆರಿಗೆಗೆ ಮತ್ತು ಕಾನೂನಿನ ಪ್ರಕಾರ ಕೊಡಲೇಬೇಕಾದ ಮಾಹಿತಿ ಇದಕ್ಕೆ ಹೊರತು.” ಕೊನೆಯ ವಾಕ್ಯ ಇಲ್ಲದಿದ್ದರೆ ಪ್ರಕಾಶಕರ ಲೆಕ್ಕಪರಿಶೋಧಕರು ಒಪ್ಪುವುದಿಲ್ಲ, ಒಪ್ಪಬಾರದು ಕೂಡ.

ಹೆಸರು ಸೋರುವುದು ಪ್ರಕಾಶಕರ ಬಾಯಿಂದ ಕಡಿಮೆ, ಅಚ್ಚಿನ ಪುಟದಿಂದ ಹೆಚ್ಚು. ಕನ್ನಡ ಪುಸ್ತಕ ತೆರೆದರೆ ಎರಡನೆಯ ಹಾಳೆಯ ಹಿಂಬದಿಯಲ್ಲೋ ಅದರ ಆಸುಪಾಸಿನಲ್ಲೋ ಒಂದು ವಿವರದ ಪುಟ ಇರುತ್ತದಲ್ಲ, ಮೇಲೆ ನಾಲ್ಕು ಸಾಲು ಇಂಗ್ಲಿಷು, ಕೆಳಗೆ ಕನ್ನಡದಲ್ಲಿ ಹಕ್ಕುಗಳು, ಪುಟಗಳು, ಬೆಲೆ, ಬಳಸಿದ ಕಾಗದ 70 ಜಿಎಸ್‌ಎಂ ಮ್ಯಾಪ್‌ಲಿಥೋ, 1/8 ಡೆಮಿ ಎಂದೆಲ್ಲ. ಡಿಟಿಪಿ ಮಾಡುವವರು ಆ ಪುಟವನ್ನು ಹಳೆಯ ಪುಸ್ತಕದಿಂದ ನಕಲು ಮಾಡಿಕೊಂಡು ಕರಾರಿನ ಹೆಸರನ್ನು ತುಂಬುತ್ತಾರೆ. ಕನ್ನಡದ ಸಾಲನ್ನು ತಿದ್ದಿರುತ್ತಾರೆ, ಇಂಗ್ಲಿಷಿನ ಸಾಲಿನಲ್ಲಿ ನಿಜನಾಮ ಹಾಗೇ ಉಳಿದಿರುತ್ತದೆ. ಗ್ರಂಥಾಲಯದವರು ಸೂಚಿಯಲ್ಲಿ ದಾಖಲಿಸುವುದು ಈ ಪುಟ ನೋಡಿಯೇ. ಆದ್ದರಿಂದ ಒಳಪುಟಗಳ ಕರಡಿನ ಜೊತೆ ಈ ಪುಟದ ಕರಡೂ, ರಕ್ಷಾಪುಟದ ಕರಡೂ ನನಗೆ ಬರಬೇಕು, ನಾನು ಸಹಿ ಮಾಡಿ ಕಳಿಸಿದ ಮೇಲೆಯೇ ಅಚ್ಚಿಗೆ ಹೋಗಬೇಕು ಎಂದು ಕರಾರಿನಲ್ಲೇ ಬರೆಸುತ್ತೇನೆ. ‘ಹಕ್ಕುಗಳು: ಯಗಚಿ’ ಎಂದರೆ ಸಾಕು.

ಮುನ್ನುಡಿ, ಬೆನ್ನುಡಿಗಳನ್ನೂ ನಾನೇ ಓದುತ್ತೇನೆ. ‘ಹಾನುಬಾಳಿನ ಕಡೆಯ ಈ ಮೇಷ್ಟ್ರು’ ಎಂದು ಪ್ರೀತಿಯಿಂದ ಒಂದು ಮಾತು ಬಂದರೂ ನಮ್ಮ ಕಡೆ ಯಾರು ಎಂದು ಗೊತ್ತಾಗಲು ಒಂದು ಸಂತೆ ಸಾಕು. ಲೇಖಕರ ಮಾತಿನ ಕೊನೆಗೆ ಊರು, ದಿನಾಂಕ ಹಾಕುವ ಅಭ್ಯಾಸ ಬಿಟ್ಟಿದ್ದೇನೆ. ವರ್ಡ್ ಫೈಲ್ ಕಳಿಸುವ ಮೊದಲು ‘ಫೈಲ್’, ‘ಇನ್ಫೋ’, ‘ಇನ್‌ಸ್ಪೆಕ್ಟ್ ಡಾಕ್ಯುಮೆಂಟ್’ ಒತ್ತಿ ಲೇಖಕರ ಹೆಸರನ್ನು ಅಳಿಸುತ್ತೇನೆ, ಇಲ್ಲದಿದ್ದರೆ ಅದು ಪಿಡಿಎಫ್‌ಗೂ ಹೋಗಬಹುದು. ಕಾವ್ಯನಾಮದ ಕಾಗುಣಿತವನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಒಂದೇ ಸಲ ನಿಶ್ಚಯಿಸಿ ಕರಾರಿಗೆ ಸೇರಿಸಬೇಕು. ‘ಯಗಚಿ’, ‘ಎಗಚಿ’ ಎಂದು ಎರಡು ಕಡೆ ಎರಡು ಬಗೆಯಾದರೆ ಮಾರಾಟದ ತಾಣಗಳಲ್ಲಿ ಇಬ್ಬರು ಲೇಖಕರಾಗಿಬಿಡುತ್ತಾರೆ.

ಕೃತಿಸ್ವಾಮ್ಯದ ವಿಷಯ ನಿಧಾನವಾಗಿ ಓದಬೇಕಾದದ್ದು. 1957ರ ಕಾಯ್ದೆಯ ಪ್ರಕಾರ ಲೇಖಕರ ಜೀವಿತಕಾಲದಲ್ಲಿ ಪ್ರಕಟವಾದ ಪುಸ್ತಕದ ಹಕ್ಕು ಅವರು ತೀರಿಕೊಂಡ ಮುಂದಿನ ವರ್ಷದ ಆರಂಭದಿಂದ 60 ವರ್ಷ ಇರುತ್ತದೆ. ನಿಜವಾದ ಲೇಖಕರು ಯಾರೆಂದು ಗೊತ್ತಿಲ್ಲದ ಕಾವ್ಯನಾಮದ ಪುಸ್ತಕಕ್ಕೆ 23ನೇ ಕಲಮು ಅನ್ವಯಿಸಿ, ಪ್ರಕಟವಾದ ಮುಂದಿನ ವರ್ಷದಿಂದಲೇ 60 ವರ್ಷದ ಎಣಿಕೆ ಶುರುವಾಗುತ್ತದೆ. ಆ ಅವಧಿ ಮುಗಿಯುವುದರೊಳಗೆ ಗುರುತು ಬಹಿರಂಗವಾದರೆ ಮೊದಲ ಲೆಕ್ಕವೇ ಸಿಗುತ್ತದೆ. ನಮ್ಮ ಪಕ್ಕದ ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಪುಟ್ಟಪ್ಪನವರು ‘ಕುವೆಂಪು’ ಎಂದು ಬರೆದರೂ ಅದು ಯಾರ ಹೆಸರೆಂದು ನಾಡಿಗೇ ಗೊತ್ತು. ಅವರು ತೀರಿಕೊಂಡದ್ದು 1994ರಲ್ಲಿ, ಹಕ್ಕು 2054ರ ಕೊನೆಯವರೆಗೆ. 30ನೇ ವಯಸ್ಸಿನಲ್ಲಿ ಗುಟ್ಟಾಗಿ ಪ್ರಕಟಿಸಿದವರು 80 ವರ್ಷ ಬದುಕಿದರೆ, ಗುಟ್ಟು ರಟ್ಟಾಗದೆ ಉಳಿದರೆ ಮಕ್ಕಳಿಗೆ ಸಿಗುವುದು 10 ವರ್ಷ ಮಾತ್ರ. ಅದಕ್ಕೇ ‘ಲೇಖಕರ ನಿಧನಾನಂತರ ವಾರಸುದಾರರು ಕೋರಿದರೆ ಪ್ರಕಾಶಕರು ನಿಜನಾಮವನ್ನು ಬಹಿರಂಗಪಡಿಸತಕ್ಕದ್ದು’ ಎಂಬ ಸಾಲು ನನ್ನ ಕರಾರಿನಲ್ಲಿ ಇದ್ದೇ ಇರುತ್ತದೆ.

ಹಕ್ಕು ವರ್ಗಾಯಿಸುವ ಬರಹಕ್ಕೆ ಸಹಿ ಇಲ್ಲದಿದ್ದರೆ ಅದಕ್ಕೆ ಬೆಲೆಯಿಲ್ಲ ಎನ್ನುತ್ತದೆ 19ನೇ ಕಲಮು. ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಎಂದು ಲೆಕ್ಕ. ನಾನು ಅವಧಿಯನ್ನು, ಪ್ರತಿಗಳ ಸಂಖ್ಯೆಯನ್ನು, ಮುದ್ರಿತ ಪುಸ್ತಕವೋ ಇ-ಪುಸ್ತಕವೋ ಧ್ವನಿಪುಸ್ತಕವೋ ಎಂಬುದನ್ನು ಬೇರೆ ಬೇರೆಯಾಗಿ ಬರೆಸುತ್ತೇನೆ. ಕಾವ್ಯನಾಮಕ್ಕೇ ಕೃತಿಸ್ವಾಮ್ಯ ಇರುವುದಿಲ್ಲವಾದ್ದರಿಂದ ‘ಈ ಹೆಸರನ್ನು ಪ್ರಕಾಶಕರು ಬೇರೆಯವರ ಬರಹಕ್ಕೆ ಬಳಸತಕ್ಕದ್ದಲ್ಲ’ ಎಂಬುದನ್ನೂ ಸೇರಿಸಬೇಕು.

ಹಣ ಬರುವಾಗ ಕಾವ್ಯನಾಮ ಎಲ್ಲೂ ಬೇಡ. ಕಾವ್ಯನಾಮಕ್ಕೆ ಬರೆದ ಚೆಕ್ಕನ್ನು ಬ್ಯಾಂಕಿನವರು ನಮ್ಮ ಖಾತೆಗೆ ಜಮಾ ಮಾಡುವುದಿಲ್ಲ. ಅದನ್ನು ವಾಪಸ್ ಕಳಿಸಿ ಹೊಸದು ತರಿಸುವಷ್ಟರಲ್ಲಿ ಚೆಕ್ಕಿನ 3 ತಿಂಗಳ ಅವಧಿಯೂ ಮುಗಿಯಬಹುದು. 150 ರೂಪಾಯಿಯ ಪುಸ್ತಕ, ಸಾವಿರ ಪ್ರತಿ, ಶೇ. 10 ಎಂದರೆ ಬರುವ ರಾಯಲ್ಟಿ 15,000. ಒಬ್ಬ ಪ್ರಕಾಶಕರಿಂದ ವರ್ಷಕ್ಕೆ 50,000 ದಾಟಿದರೆ ಶೇ. 10 ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಹಿಡಿಯುತ್ತಾರೆ, ಪ್ಯಾನ್ ಕೊಡದಿದ್ದರೆ ಶೇ. 20. ಪತ್ರಿಕೆಗೆ ಕಳಿಸುವಾಗಲೂ ಪ್ರತ್ಯೇಕ ಹಾಳೆಯಲ್ಲಿ ನಿಜನಾಮ, ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಬರೆದು, ಕಥೆಯ ಹಾಳೆಯ ಮೇಲೆ ಕಾವ್ಯನಾಮ ಮಾತ್ರ ಹಾಕುತ್ತೇನೆ. ಪ್ರತಿಗಳನ್ನು ನಾವೇ ಮಾರುವಾಗ ಯುಪಿಐ ತೆಗೆದುಕೊಳ್ಳಬಾರದು, ಹಣ ಹಾಕುವವರಿಗೆ ಖಾತೆಯ ಹೆಸರು ಕಾಣಿಸುತ್ತದೆ.

ಲೇಖಕರ ಪ್ರತಿಗಳ ಪಾರ್ಸೆಲ್ಲೂ ನಿಜನಾಮಕ್ಕೇ ಬರಲಿ. ಎಸ್ಟೇಟಿನ ದಾರಿಯಲ್ಲಿ ಅಂಚೆಯವರಿಗೆ ‘ಯಗಚಿ’ ಯಾರೆಂದು ಗೊತ್ತಿಲ್ಲ. ‘ವಿಳಾಸದಾರರು ಇಲ್ಲ’ ಎಂದು ಷರಾ ಬರೆದು ಮಳೆಯಲ್ಲಿ ನೆನೆದ ಕಟ್ಟು ವಾಪಸ್ ಹೋಗುತ್ತದೆ.

ಸರ್ಕಾರಿ ನೌಕರಿಯಲ್ಲಿರುವವರು ಕಾವ್ಯನಾಮವನ್ನು ನಂಬಿ ನಡತೆ ನಿಯಮಗಳನ್ನು ಮರೆಯಬಾರದು. ಸರ್ಕಾರವನ್ನು ಟೀಕಿಸುವ ಬರಹಕ್ಕಿರುವ ನಿರ್ಬಂಧ ಯಾವ ಹೆಸರಿನಲ್ಲಿ ಬರೆದರೂ ಅನ್ವಯಿಸುತ್ತದೆ.

ಕರಾರಿನ ಎರಡು ಮೂಲಪ್ರತಿ ಮಾಡಿಸುತ್ತೇನೆ. ನನ್ನದನ್ನು ಹಸ್ತಪ್ರತಿ, ಪ್ರಕಾಶಕರ ಪತ್ರಗಳು, ತಿದ್ದಿದ ಕರಡಿನ ಜೊತೆ ಒಂದೇ ಲಕೋಟೆಯಲ್ಲಿಟ್ಟು, ಮೇಲೆ ಕಾವ್ಯನಾಮ, ಪುಸ್ತಕದ ಹೆಸರು, ಕರಾರು ಮುಗಿಯುವ ತಾರೀಖು ಬರೆದು ಜಮೀನಿನ ಪತ್ರಗಳ ಜೊತೆ ಬೀರುವಿನಲ್ಲಿಡುತ್ತೇನೆ. ಅದು ಎಲ್ಲಿದೆ ಎಂದು ಮನೆಯಲ್ಲಿ ಒಬ್ಬರಿಗೆ ಹೇಳಿದ್ದೇನೆ.